ಮ್ಯಾಂಚೆಸ್ಟರಿನ ವಿಕ್ಟೋರಿಯಾ ಬಾತ್ಸ್: ಮೂರು ಬಾಗಿಲುಗಳ ಸ್ನಾನಗೃಹ

ಇಂಗ್ಲೆಂಡಿನಲ್ಲಿ ಕೆಲಸದಲ್ಲಿರುವ ಮಕ್ಕಳನ್ನು ನೋಡಿಬರಲು ಹೋಗುವ ತಂದೆತಾಯಿಯರು ಈಗ ವಿರಾಜಪೇಟೆ, ಗೋಣಿಕೊಪ್ಪಲು ಕಡೆ ಸಾಕಷ್ಟು ಜನರಿದ್ದಾರೆ. ಮ್ಯಾಂಚೆಸ್ಟರಿಗೆ ಹೋದವರನ್ನು ಮಕ್ಕಳು ಸಾಮಾನ್ಯವಾಗಿ ಫುಟ್ಬಾಲ್ ಮೈದಾನಕ್ಕೆ ಕರೆದೊಯ್ಯುತ್ತಾರೆ. ಅದರ ಜೊತೆಗೆ ಅರ್ಧ ದಿನವನ್ನು ಹ್ಯಾಥರ್‌ಸೇಜ್ ರಸ್ತೆಯಲ್ಲಿರುವ ವಿಕ್ಟೋರಿಯಾ ಬಾತ್ಸ್ ಎಂಬ ಹಳೆಯ ಸಾರ್ವಜನಿಕ ಸ್ನಾನಗೃಹಕ್ಕೆ ಮೀಸಲಿಡಿ ಎಂದು ಹೇಳುವುದಕ್ಕಾಗಿ ಇದನ್ನು ಬರೆಯುತ್ತಿದ್ದೇನೆ. ಈಜುಕೊಳ ನೋಡಲು ಅಷ್ಟು ದೂರ ಹೋಗಬೇಕೇ ಎಂದು, ಕಾವೇರಿಯಲ್ಲಿಯೇ ಈಜು ಕಲಿತ ನನ್ನ ಅವ್ವ ಹೊರಡುವಾಗ ಕೇಳಿದ್ದರು. ಹಿಂತಿರುಗಿದ ಮೇಲೆ ನೆಂಟರಿಷ್ಟರಿಗೆ ಅವರು ಹೆಚ್ಚು ವಿವರಿಸಿ ಹೇಳುತ್ತಿರುವುದು ಆ ಕಟ್ಟಡದ ವಿಷಯವನ್ನೇ.

ಕೆಂಪು ಇಟ್ಟಿಗೆಯ ನಡುವೆ ತಿಳಿ ಬಣ್ಣದ ಟೆರಾಕೋಟಾ ಪಟ್ಟಿಗಳನ್ನು ಕೂಡಿಸಿ ಕಟ್ಟಿದ ಮುಂಭಾಗದಲ್ಲಿ ಮೂರು ಬೇರೆ ಬೇರೆ ಬಾಗಿಲುಗಳಿವೆ. ಒಂದರ ಮೇಲೆ ಮೊದಲ ದರ್ಜೆಯ ಗಂಡಸರು, ಇನ್ನೊಂದರ ಮೇಲೆ ಎರಡನೆಯ ದರ್ಜೆಯ ಗಂಡಸರು, ಮತ್ತೊಂದರ ಮೇಲೆ ಹೆಂಗಸರು ಎಂದು ಇಂಗ್ಲಿಷಿನಲ್ಲಿ ಕೆತ್ತಿರುವುದನ್ನು ಇಂದಿಗೂ ಓದಬಹುದು. ಒಳಗೆ ಕೊಳಗಳೂ ಮೂರೇ. ಮೊದಲ ದರ್ಜೆಯ ಪ್ರವೇಶದ ಗೋಡೆಗಳಿಗೆ ಹೊಳೆಯುವ ಹಸಿರು ಹೆಂಚುಗಳನ್ನು ಹೊದಿಸಿದ್ದಾರೆ. ನೆಲದ ಮೊಸಾಯಿಕ್‌ನಲ್ಲಿ ಮೀನುಗಳು ಈಜುತ್ತವೆ. ಅವ್ವ ಬಾಗಿ, ಆ ಮೀನುಗಳ ಮೇಲೆ ಬೆರಳಾಡಿಸಿ, ಒಂದೊಂದು ಕಲ್ಲುಚೂರೂ ಹುರುಳಿಕಾಳಿಗಿಂತ ತುಸು ದೊಡ್ಡದಷ್ಟೇ ಎಂದರು.

ಹತ್ತಿಗಿರಣಿಗಳ ಊರೆಂದು ಲೋಕಕ್ಕೆಲ್ಲ ಗೊತ್ತಿದ್ದ ಮ್ಯಾಂಚೆಸ್ಟರಿನಲ್ಲಿ ಇಂಥದೊಂದು ಕಟ್ಟಡ ಏಕೆ ಬೇಕಾಯಿತು ಎಂಬುದೇ ಈ ಭೇಟಿಯ ತಿರುಳು. ಗಿರಣಿ ಕೆಲಸಗಾರರ ಒತ್ತೊತ್ತಾದ ಮನೆಗಳಲ್ಲಿ ಬಚ್ಚಲೆಂಬುದೇ ಇರಲಿಲ್ಲ. 1832ರ ಕಾಲರಾ ಇಂಥ ಊರುಗಳ ಕೊಳಕನ್ನು ಎಲ್ಲರ ಕಣ್ಣಿಗೂ ಕಾಣಿಸಿತು. 1846ರಲ್ಲಿ ಬಂದ ಕಾಯಿದೆಯೊಂದು ತೆರಿಗೆಯ ಹಣದಲ್ಲಿ ಸ್ನಾನಗೃಹ ಮತ್ತು ಬಟ್ಟೆ ಒಗೆಯುವ ಮನೆಗಳನ್ನು ಕಟ್ಟಲು ಸ್ಥಳೀಯ ಆಡಳಿತಗಳಿಗೆ ಅಧಿಕಾರ ಕೊಟ್ಟಿತು. ಹೀಗೆ ಮೈ ತೊಳೆಯುವ ಅಗತ್ಯದಿಂದ ಆರಂಭವಾದದ್ದು ಕ್ರಮೇಣ ಈಜಿನ ಸಂತೋಷವಾಗಿಯೂ ಬೆಳೆಯಿತು. ನಗರದ ವಾಸ್ತುಶಿಲ್ಪಿ ಹೆನ್ರಿ ಪ್ರೈಸ್ ಅವರ ವಿನ್ಯಾಸದಲ್ಲಿ, 59,000 ಪೌಂಡಿಗೂ ಮಿಕ್ಕಿದ ವೆಚ್ಚದಲ್ಲಿ ಸಿದ್ಧವಾದ ವಿಕ್ಟೋರಿಯಾ ಬಾತ್ಸ್ 1906ರಲ್ಲಿ ಬಾಗಿಲು ತೆರೆಯಿತು. ಅದನ್ನು ನೀರಿನ ಅರಮನೆ ಎಂದು ಕರೆದರು.

ಕಾಫಿ ತೋಟದ ಮನೆಯಲ್ಲಿ ಹುಟ್ಟಿ ಬೆಳೆದ ನನಗೆ ಆ ಮಾತು ಸುಲಭವಾಗಿ ದಾಟಿಹೋಗಲಿಲ್ಲ. ನಮ್ಮ ತೋಟದಲ್ಲಿ ಕೂಲಿಯವರು ಸಾಲಾಗಿ ವಾಸಿಸುವ ಲೈನ್ ಮನೆಗಳ ಹಿಂದೆ ನಾಲ್ಕು ಕಂಬ ನೆಟ್ಟು, ಹಳೆಯ ತಗಡನ್ನು ಮರೆಗಟ್ಟಿದ ಜಾಗವೇ ಬಹಳ ವರ್ಷ ಸ್ನಾನದ ಮನೆಯಾಗಿತ್ತು. ಆಟಿ ತಿಂಗಳ ಮಳೆಯಲ್ಲಿ ಹೆಂಗಸರು ಅಲ್ಲಿಗೆ ಬಿಸಿನೀರನ್ನು ಕೊಡದಲ್ಲಿ ಹೊತ್ತೊಯ್ಯುವಷ್ಟರಲ್ಲಿ ಅದು ಆರಿಹೋಗುತ್ತಿತ್ತು. ದುಡಿಯುವವರ ಸ್ನಾನಕ್ಕೆ ಬಣ್ಣದ ಗಾಜಿನ ಕಿಟಕಿ ಇಡಿಸಿದ ನಗರವೂ ಒಂದಿತ್ತು ಎಂಬುದನ್ನು ನಮ್ಮ ಭಾಗದ ತೋಟದ ಮಾಲೀಕರು ಕಣ್ಣಾರೆ ನೋಡಬೇಕೆಂದು ನಾನು ಮನಸಾರೆ ಬಯಸುತ್ತೇನೆ.

ಹಾಗೆಂದು ಅಲ್ಲಿ ಎಲ್ಲರೂ ಸಮಾನರಾಗಿದ್ದರು ಎಂದಲ್ಲ. ಸ್ನಾನಗೃಹಕ್ಕೆ ತನ್ನದೇ ಬಾವಿಯಿತ್ತು. ಹೊಸ ನೀರು ಮೊದಲ ದರ್ಜೆಯ ಗಂಡಸರ ಕೊಳಕ್ಕೆ, ಅಲ್ಲಿ ಬಳಸಿದ್ದು ಎರಡನೆಯ ದರ್ಜೆಗೆ, ಕೊನೆಗೆ ಅದೇ ನೀರು ಹೆಂಗಸರ ಕೊಳಕ್ಕೆ ಹೋಗುತ್ತಿತ್ತು ಎಂದು ಮಾರ್ಗದರ್ಶಕರು ವಿವರಿಸಿದರು. ನಾನು ಕನ್ನಡದಲ್ಲಿ ಹೇಳಿದಾಗ ಅವ್ವ ಸ್ವಲ್ಪ ಹೊತ್ತು ಸುಮ್ಮನಿದ್ದು, “ನಮ್ಮ ಮನೆಯ ಹಂಡೆಯಲ್ಲೂ ಹಾಗೆಯೇ ಅಲ್ಲವಾ ಮಗಾ, ಗಂಡಸರದ್ದೆಲ್ಲ ಮುಗಿದ ಮೇಲೆ ಉಳಿದದ್ದು ನಮಗೆ” ಎಂದರು. ಗಂಡಸರೂ ಹೆಂಗಸರೂ ಒಟ್ಟಿಗೆ ಈಜಲು ಅವಕಾಶ ಸಿಕ್ಕಿದ್ದು 1914ರಲ್ಲಿ. 1933ರಲ್ಲಿ ಇಂಗ್ಲೆಂಡ್ ಮತ್ತು ಫ್ರಾನ್ಸ್ ನಡುವಿನ ಇಂಗ್ಲಿಷ್ ಕಡಲ್ಗಾಲುವೆಯನ್ನು ಈಜಿ ದಾಟಿದ ಸನ್ನಿ ಲೌರಿ ಎಂಬ ಮಹಿಳೆ ಇದೇ ಸ್ನಾನಗೃಹದಲ್ಲಿ ಈಜಿದವರು ಎಂದು ತಿಳಿದಾಗ ಅವ್ವನ ಮುಖ ಅರಳಿತು.

ಟರ್ಕಿಶ್ ಸ್ನಾನದ ಬಿಸಿಕೋಣೆಗಳು, ಅವುಗಳ ಪಕ್ಕದ ವಿಶ್ರಾಂತಿ ಕೋಣೆಯಲ್ಲಿರುವ ‘ಪರಿಶುದ್ಧತೆಯ ದೇವದೂತೆ’ ಎಂಬ ಬಣ್ಣದ ಗಾಜಿನ ಕಿಟಕಿ, ನೀರಿನೊಳಗೆ ಗಾಳಿ ಹಾಯಿಸಿ ಮೈನೋವು ಕಳೆಯಲೆಂದು 1952ರಲ್ಲಿ ಕೂರಿಸಿದ ಏರೋಟೋನ್ ತೊಟ್ಟಿ ಇವೆಲ್ಲವೂ ನೋಡಬೇಕಾದವು. ಚಳಿಗಾಲದಲ್ಲಿ ಮೊದಲ ದರ್ಜೆಯ ಕೊಳದ ಮೇಲೆ ಹಲಗೆ ಹಾಸಿ ನೃತ್ಯ ನಡೆಸುತ್ತಿದ್ದರಂತೆ.

1993ರಲ್ಲಿ ನಗರಾಡಳಿತ ಇದನ್ನು ಮುಚ್ಚಿತು. ಸುತ್ತಲಿನ ಜನ ಸುಮ್ಮನಾಗದೆ ಟ್ರಸ್ಟ್ ಕಟ್ಟಿಕೊಂಡು ಹೋರಾಡಿದರು. 2003ರಲ್ಲಿ, ಶಿಥಿಲವಾದ ಹಳೆಯ ಕಟ್ಟಡಗಳು ದುರಸ್ತಿಯ ನೆರವಿಗಾಗಿ ಸ್ಪರ್ಧಿಸುವ ಬಿಬಿಸಿಯ ‘ರೆಸ್ಟೋರೇಶನ್’ ಕಾರ್ಯಕ್ರಮದಲ್ಲಿ ವೀಕ್ಷಕರ ಮತದಿಂದ ಗೆದ್ದು, ಸುಮಾರು 34 ಲಕ್ಷ ಪೌಂಡ್ ನೆರವು ದೊರೆತ ಮೇಲೆ ಮುಂಭಾಗದ ದುರಸ್ತಿ ಸಾಧ್ಯವಾಯಿತು. ಮುಚ್ಚಿದ ಕಟ್ಟಡವನ್ನು ಹತ್ತು ವರ್ಷ ಕೈಬಿಡದೆ ಕಾದ ಆ ಜನರ ಬಗ್ಗೆ ನನಗೆ ಅಪಾರ ಗೌರವವಿದೆ.

ಹೋಗುವವರು ಕೆಲವು ವಿಷಯಗಳನ್ನು ತಿಳಿದಿರಬೇಕು. ಇಲ್ಲಿ ದಿನವೂ ಈಜುವ ವ್ಯವಸ್ಥೆಯಿಲ್ಲ; ಈಜುಡುಗೆ ಒಯ್ಯುವ ಅಗತ್ಯವಿಲ್ಲ. ವರ್ಷವಿಡೀ ತೆರೆದಿರುವುದೂ ಇಲ್ಲ, ಆದ್ದರಿಂದ ಪ್ರವಾಸದ ದಿನಗಳನ್ನು ಮೊದಲೇ ವಿಚಾರಿಸಿಕೊಂಡು ಹೊರಡಿ. ಮಾರ್ಗದರ್ಶಕರ ವಿವರಣೆ ಇಂಗ್ಲಿಷಿನಲ್ಲಿ ಇರುವುದರಿಂದ ಹಿರಿಯರ ಜೊತೆ ಹೇಳಿಕೊಡುವವರೊಬ್ಬರು ಇದ್ದರೆ ಒಳ್ಳೆಯದು. ಬೇಸಿಗೆಯಲ್ಲೂ ಒಂದು ಸ್ವೆಟರ್ ಜೊತೆಗಿರಲಿ. ಗುಂಪು ಮುಂದೆ ಸಾಗಿದ ಮೇಲೆ ಮೊದಲ ದರ್ಜೆಯ ಕೊಳದ ಬದಿಯಲ್ಲಿ ಎರಡು ನಿಮಿಷ ಹೆಚ್ಚು ನಿಂತು, ಎರಡೂ ಕಡೆ ಸಾಲಾಗಿರುವ ಬಟ್ಟೆ ಬದಲಿಸುವ ಪುಟ್ಟ ಕೋಣೆಗಳನ್ನೂ ಗಾಜಿನ ಮಾಡಿನಿಂದ ಕೆಳಗಿಳಿಯುವ ಬೆಳಕನ್ನೂ ನೋಡಿ ಬನ್ನಿ.