ಹತ್ತು ಜನ, ಒಂದೇ ಪುಸ್ತಕ: ಓದು ಬಳಗಕ್ಕೆ ಯಾವ ಪ್ರತಿ ಸರಿ?

ಓದು ಬಳಗದಲ್ಲಿ ಮಾತು ಕೆಡುವುದು ಬಹಳ ಸಲ ಪುಸ್ತಕದ ದೋಷದಿಂದಲ್ಲ, ಪ್ರತಿಗಳ ದೋಷದಿಂದ. "84ನೇ ಪುಟದಲ್ಲಿ ಅಜ್ಜಿ ಬಾಗಿಲು ಹಾಕಿಕೊಳ್ಳುತ್ತಾಳಲ್ಲ, ಅಲ್ಲಿ ನೋಡಿ" ಎಂದು ಒಬ್ಬರು ಹೇಳುತ್ತಾರೆ. ನಾಲ್ಕು ಜನ ಪುಟ ತಿರುವುತ್ತಾರೆ. ಹಳೆಯ ಮುದ್ರಣ ತಂದವರಿಗೆ ಅದು 97ನೇ ಪುಟ. ಮೊಬೈಲಿನಲ್ಲಿ ಓದಿದವರು ಬೆರಳಾಡಿಸುತ್ತಲೇ ಇರುತ್ತಾರೆ. ಕೇಳಿಸಿಕೊಂಡು ಬಂದವರಿಗೆ ಪುಟವೇ ಇಲ್ಲ. ಎಲ್ಲರೂ ಆ ಸಾಲಿಗೆ ಬರುವಷ್ಟರಲ್ಲಿ ಹೇಳಬೇಕಿದ್ದ ಮಾತಿನ ಬಿಸಿ ಆರಿರುತ್ತದೆ. ಅದಕ್ಕೇ ಇಲ್ಲಿ ಅಚ್ಚಿನ ಪುಸ್ತಕ, ಇ-ಪುಸ್ತಕ, ಆಡಿಯೊ ಪುಸ್ತಕ, ಸ್ಕ್ಯಾನ್ ಪ್ರತಿ ನಾಲ್ಕನ್ನೂ ಒಂದೇ ಒರೆಗೆ ಹಚ್ಚಿದ್ದೇವೆ: ಎಂಟು ಹತ್ತು ಜನ ಕೂತಾಗ ಒಂದೇ ಸಾಲಿನ ಮೇಲೆ ಎಲ್ಲರೂ ಎಷ್ಟು ಬೇಗ ಬೆರಳಿಡಬಹುದು?

ಈ ಲೆಕ್ಕದಲ್ಲಿ ಅಚ್ಚಿನ ಪುಸ್ತಕವೇ ಮೊದಲು, ಎರಡನೆಯದಕ್ಕೂ ಅದಕ್ಕೂ ದೂರ ಬಹಳ. ಆದರೆ ಹತ್ತೂ ಪ್ರತಿ ಒಂದೇ ಮುದ್ರಣದ್ದಾಗಿರಬೇಕು. ಶೀರ್ಷಿಕೆ ಪುಟದ ಹಿಂಬದಿ ನೋಡಿ. ಮೊದಲ ಮುದ್ರಣ ಯಾವ ವರ್ಷ, ಮರುಮುದ್ರಣ ಯಾವಾಗ, ಎಷ್ಟು ಪುಟ, ಎಷ್ಟು ಪ್ರತಿ, ಎಷ್ಟೋ ಪುಸ್ತಕಗಳಲ್ಲಿ '70 ಜಿಎಸ್‌ಎಂ ಮ್ಯಾಪ್ಲಿಥೊ, 1/8 ಡೆಮಿ' ಎಂದು ಕಾಗದದ ತೂಕ, ಬಗೆ ಮತ್ತು ಪುಸ್ತಕದ ಅಳತೆಯ ವಿವರ ಕೂಡ ಅಲ್ಲೇ ಇರುತ್ತದೆ. ಮರುಮುದ್ರಣವೆಂದ ಮಾತ್ರಕ್ಕೆ ಪುಟ ಬದಲಾಗಿರಬೇಕೆಂದಿಲ್ಲ. ಹಳೆಯ ಪುಟಗಳನ್ನೇ ಹಾಗೇ ಅಚ್ಚಿಗೆ ಹಾಕಿದ್ದರೆ ತೊಂದರೆಯಿಲ್ಲ. ಹೊಸದಾಗಿ ಡಿಟಿಪಿ (ಕಂಪ್ಯೂಟರಿನಲ್ಲಿ ಅಕ್ಷರ, ಪುಟಗಳ ಜೋಡಣೆ) ಮಾಡಿಸಿದ್ದರೆ, ಪ್ರಕಾಶಕರು ಬದಲಾಗಿದ್ದರೆ, ಎರಡನೇ ಮುದ್ರಣಕ್ಕೆ ಹೊಸ ಮುನ್ನುಡಿ ಸೇರಿದ್ದರೆ ಅಂಕಿ ಸರಿದಿರುತ್ತದೆ. ಒಟ್ಟು ಪುಟ ಎರಡರಲ್ಲೂ 176 ಎಂದಿದ್ದರೂ ನಂಬಬೇಡಿ. ನಡುವಿನ ಒಂದು ಅಧ್ಯಾಯ ಎರಡರಲ್ಲೂ ಒಂದೇ ಪುಟದಲ್ಲಿ ಶುರುವಾಗುತ್ತದೆಯೇ ನೋಡಿ.

ಹಂಚುವ ಮೊದಲು ಮಾಡಲೇಬೇಕಾದ ಇನ್ನೊಂದು ಕೆಲಸವಿದೆ, ಇದನ್ನು ಬಿಡುವವರೇ ಹೆಚ್ಚು. ಡೆಮಿ ಅಳತೆಯ ಪುಸ್ತಕ ಸಾಮಾನ್ಯವಾಗಿ 16 ಪುಟಗಳ ಫಾರಂಗಳಲ್ಲಿ, ಅಂದರೆ ಒಂದು ದೊಡ್ಡ ಹಾಳೆ ಮಡಿಚಿದಾಗ ಆಗುವ ಕಂತೆಗಳಲ್ಲಿ, ಅಚ್ಚಾಗುತ್ತದೆ. ಮಡಿಚಿದ ಫಾರಂಗಳನ್ನು ಜೋಡಿಸುವಾಗ ಒಂದು ತಪ್ಪಿಹೋದರೆ 96ನೇ ಪುಟದ ಎದುರಿಗೆ 113 ಬಂದು ಕೂರುತ್ತದೆ. ಒಂದೇ ಫಾರಂ ಎರಡು ಸಲ ಸೇರಿದರೆ 81ರಿಂದ 96ರವರೆಗೆ ಮತ್ತೆ ಓದಬೇಕಾಗುತ್ತದೆ. ಹೊರಗಿಂದ ನೋಡಿದರೆ ಏನೂ ಗೊತ್ತಾಗದು. 17, 33, 49, 65, 81, 97 ಹೀಗೆ ಹದಿನಾರು ಕೂಡಿಸುತ್ತ ಹೋಗಿ ಆಯಾ ಪುಟ, ಅದರ ಹಿಂದಿನ ಪುಟ ಎರಡನ್ನೇ ನೋಡಿದರೆ ಸಾಕು. ಒಂದು ಪ್ರತಿಗೆ ಅರ್ಧ ನಿಮಿಷ. ತಪ್ಪಿದ್ದ ಪ್ರತಿಯನ್ನು ಅಂಗಡಿಯವರು ಸಾಮಾನ್ಯವಾಗಿ ತಕರಾರಿಲ್ಲದೆ ಬದಲಿಸಿಕೊಡುತ್ತಾರೆ, ಆದರೆ ಅದು ತಿಳಿಯುವುದು ಸಭೆಯ ಹಿಂದಿನ ರಾತ್ರಿಯಾದರೆ ಬದಲಿಸಿ ಏನು ಬಂತು?

ಬೈಂಡಿಂಗ್ ಕೂಡ ನೋಡಬೇಕು. ಈಗಿನ ಹೆಚ್ಚಿನ ಪುಸ್ತಕಗಳ ಬೆನ್ನಿಗೆ ಅಂಟು ಮಾತ್ರ, ಹೊಲಿಗೆ ಇಲ್ಲ. ಚರ್ಚೆಯಲ್ಲಿ ಪುಸ್ತಕವನ್ನು ಮೇಜಿನ ಮೇಲೆ ಚಪ್ಪಟೆಯಾಗಿ ಒತ್ತಿ ಹಿಡಿದರೆ ಅಂಟು ಸೀಳಿ ಹಾಳೆಗಳು ಕಿತ್ತು ಬರುತ್ತವೆ. ಹೊಸ ಪ್ರತಿ ಕೈಗೆ ಬಂದಾಗ ಮೊದಲು ಮುಂದಿನ ಕೆಲವು ಹಾಳೆ, ಆಮೇಲೆ ಹಿಂದಿನ ಕೆಲವು ಹಾಳೆ, ಹೀಗೆ ಎರಡೂ ಕಡೆಯಿಂದ ನಡುವಿನವರೆಗೆ ಹಗುರವಾಗಿ ಬೆರಳಾಡಿಸಿ ಬಗ್ಗಿಸಿಕೊಂಡರೆ ಬೆನ್ನು ಹದಕ್ಕೆ ಬರುತ್ತದೆ.

ಕೊಳ್ಳುವುದಕ್ಕೆ ಸಭೆಗಿಂತ ಆರು ವಾರ ಮೊದಲೇ ಹೊರಡಿ: ಎರಡು ವಾರ ಪ್ರತಿ ಹೊಂದಿಸಲು, ನಾಲ್ಕು ವಾರ ಓದಲು. ಕನ್ನಡದಲ್ಲಿ ಒಂದು ಮುದ್ರಣವೆಂದರೆ ಸಾಮಾನ್ಯವಾಗಿ ಸಾವಿರ ಪ್ರತಿ, ಈಗೀಗ ಅದಕ್ಕಿಂತಲೂ ಕಡಿಮೆ. ನವಕರ್ನಾಟಕ, ಸಪ್ನದಂಥ ಹಲವು ಊರುಗಳಲ್ಲಿ ಶಾಖೆಯಿರುವ ಮಳಿಗೆಯಲ್ಲಿ ಕೂಡ ಒಂದೇ ಪುಸ್ತಕದ ಹತ್ತು ಪ್ರತಿ ಕಪಾಟಿನಲ್ಲಿ ಇರುವುದು ಅಪರೂಪ. ಮೂರು ಇದೆ ಎಂದರೆ ಉಳಿದದ್ದನ್ನು ಬೇರೆ ಅಂಗಡಿಗಳಲ್ಲಿ ಹೆಕ್ಕಲು ಹೋಗಬೇಡಿ, ಬೇರೆ ಬೇರೆ ಮುದ್ರಣ ಬೆರೆಯುವುದು ಹೀಗೆಯೇ. ಪ್ರಕಾಶಕರಿಗೇ ಫೋನ್ ಮಾಡಿ, ಹತ್ತನ್ನೂ ಒಟ್ಟಿಗೆ ತರಿಸಿ, ರಿಯಾಯಿತಿಯನ್ನೂ ಕೇಳಿ.

ಇ-ಪುಸ್ತಕದ ವಿಷಯದಲ್ಲಿ ಕನ್ನಡದ ಓದುಗರಿಗೆ ದಾರಿ ಕಿರಿದು. ಅಮೆಜಾನಿನ ಇ-ಪುಸ್ತಕ ಸೇವೆಯಾದ ಕಿಂಡಲ್ 2016ರ ಡಿಸೆಂಬರಿನಲ್ಲಿ ಹಿಂದಿ, ತಮಿಳು, ಮರಾಠಿ, ಗುಜರಾತಿ, ಮಲಯಾಳಂ ಪುಸ್ತಕಗಳ ಮಾರಾಟ ಆರಂಭಿಸಿದಾಗ ಆ ಐದರಲ್ಲಿ ಕನ್ನಡ ಇರಲಿಲ್ಲ. ಆ ನೋವು ಓದುಗರಲ್ಲಿ ಇನ್ನೂ ಇದೆ, ಇರಬೇಕಾದದ್ದೇ. ಕನ್ನಡ ಇ-ಪುಸ್ತಕ ಬೇಕಾದವರಿಗೆ ಗೂಗಲ್ ಪ್ಲೇ ಬುಕ್ಸ್ ಇದೆ, ಕನ್ನಡಕ್ಕೆಂದೇ ಹುಟ್ಟಿದ ಮೈಲ್ಯಾಂಗ್ ಆ್ಯಪ್ ಇದೆ. ದುಬೈ, ಡಲ್ಲಾಸ್‌ನಲ್ಲಿ ಕೂತು ಬಳಗ ಸೇರುವವರಿಗೆ ಇದು ದೊಡ್ಡ ಆಸರೆ: ಅಂಚೆಗೆ ಕಾಯಬೇಕಿಲ್ಲ, ಅಕ್ಷರ ದೊಡ್ಡದು ಮಾಡಿಕೊಂಡು ಓದಬಹುದು.

ಆದರೆ ನಮ್ಮ ಒರೆಗೆ ಹಚ್ಚಿದರೆ ಇದು ಅರ್ಧ ಮಾತ್ರ ಗೆಲ್ಲುತ್ತದೆ. ಅಕ್ಷರದ ಗಾತ್ರ ಬದಲಿಸಿದ ಕ್ಷಣ ಪುಟಗಳೂ ಬದಲಾಗುತ್ತವೆ, ಒಬ್ಬರ 84 ಇನ್ನೊಬ್ಬರ 131. ಪುಟದ ಬದಲು ಅಧ್ಯಾಯ ಮತ್ತು ಪ್ಯಾರಾ ಹೇಳುವ ರೂಢಿ ಮಾಡಿಕೊಳ್ಳಿ: "ಆರನೇ ಅಧ್ಯಾಯ, ಮೂರನೇ ಪ್ಯಾರಾ". ಅಚ್ಚಿನ ಪ್ರತಿಯಲ್ಲೂ ಅದು ಅಲ್ಲೇ ಇರುತ್ತದೆ. ಅಧ್ಯಾಯಗಳೇ ಇಲ್ಲದ ಕಾದಂಬರಿಯಾದರೆ ಪದ ಹುಡುಕುವ ಸೌಲಭ್ಯವನ್ನು ನಂಬಬೇಕು, ಅಲ್ಲೊಂದು ಕನ್ನಡದ್ದೇ ತೊಡಕು. ಯೂನಿಕೋಡಿನಲ್ಲಿರುವ (ಕನ್ನಡ ಅಕ್ಷರಕ್ಕೆ ಅದರದೇ ಸಂಕೇತವಿರುವ) ಪುಸ್ತಕದಲ್ಲಿ 'ಬಾಗಿಲು' ಎಂದು ಹುಡುಕಿದರೆ 'ಬಾಗಿಲನ್ನು', 'ಬಾಗಿಲಲ್ಲಿ' ಸಿಗುವುದಿಲ್ಲ; ವಿಭಕ್ತಿ ಹತ್ತುವ ಮುಂಚಿನ 'ಬಾಗಿಲ' ಎಂಬಷ್ಟನ್ನೇ ಕೊಟ್ಟರೆ ಸಿಗುತ್ತದೆ. ಇನ್ನು ಪ್ರಕಾಶಕರೋ ಲೇಖಕರೋ ಕಳಿಸುವ ಪಿಡಿಎಫ್, 'ನುಡಿ', 'ಬರಹ' ಎಂಬ ಕನ್ನಡ ಟೈಪಿಂಗ್ ತಂತ್ರಾಂಶಗಳ ಹಳೆಯ ಫಾಂಟಿನಲ್ಲಿ ಸಿದ್ಧವಾಗಿದ್ದರೆ ಹುಡುಕಾಟ ಕೆಲಸ ಮಾಡುವುದೇ ಇಲ್ಲ. ಕಣ್ಣಿಗೆ ಕನ್ನಡ ಕಂಡರೂ ಒಳಗಿರುವುದು ಇಂಗ್ಲಿಷಿನ ಅಕ್ಷರಸಂಕೇತ. ಒಂದು ಸಾಲು ಕಾಪಿ ಮಾಡಿ ವಾಟ್ಸಾಪಿಗೆ ಅಂಟಿಸಿ ನೋಡಿ. ಅರ್ಥವಿಲ್ಲದ ಇಂಗ್ಲಿಷ್ ಅಕ್ಷರಗಳು ಬಂದರೆ ಅದು ಹಳೆಯ ಫಾಂಟು. ಅಂಥ ಪ್ರತಿಯಲ್ಲಿ ಪುಟಗಳಾದರೂ ಅಚ್ಚಿನಲ್ಲಿದ್ದಂತೆಯೇ ಕದಲದೆ ಇರುತ್ತವೆ, ಅದೊಂದು ಲಾಭ. ಒಬ್ಬರ ಖಾತೆಯಲ್ಲಿ ಕೊಂಡ ಇ-ಪುಸ್ತಕವನ್ನು ಬಳಗಕ್ಕೆಲ್ಲ ಹಂಚುವಂತಿಲ್ಲ ಎನ್ನುವುದೂ ನೆನಪಿರಲಿ. ಹತ್ತು ಜನಕ್ಕೆ ಹತ್ತು ಖರೀದಿ.

ಆಡಿಯೊ ಪುಸ್ತಕವನ್ನು ಚರ್ಚೆಗೆ ಒಂದೇ ಆಧಾರವಾಗಿ ಇಟ್ಟುಕೊಳ್ಳಬಾರದು. ಪ್ರಬಂಧ, ವಿಮರ್ಶೆ, ವಿಜ್ಞಾನ ಬರಹಗಳಲ್ಲಿ ಹಿಂದಿನ ವಾಕ್ಯಕ್ಕೆ ಮರಳಬೇಕಾಗುತ್ತದೆ, ಕೇಳುವಾಗ ಅದು ಕಷ್ಟ. ಆದರೆ ಧಾರವಾಡದ ಮಾತೋ ಕುಂದಾಪ್ರ ಕನ್ನಡವೋ ತುಂಬಿರುವ ಕತೆಯಲ್ಲಿ ಆ ಸೀಮೆಯವರೇ ಓದಿದ ಆಡಿಯೊ ಸಿಕ್ಕರೆ ಬಿಡಬೇಡಿ. ಬೆಂಗಳೂರಿನ ಓದುಗರು ಕಣ್ಣಿನಲ್ಲಿ ಎಡವಿದ ಸಂಭಾಷಣೆ ಕಿವಿಯಲ್ಲಿ ಸಲೀಸಾಗಿ ಇಳಿಯುತ್ತದೆ. ಸಭೆಯ ಆರಂಭದಲ್ಲಿ ಐದು ನಿಮಿಷದ ಒಂದು ತುಣುಕು ಕೇಳಿಸಿ, ಆಮೇಲೆ ಅದೇ ಭಾಗವನ್ನು ಪುಸ್ತಕದಲ್ಲಿ ತೆರೆದು ಮಾತಾಡಿ. ಕೇಳುವವರು ನಿಲ್ಲಿಸಿದಲ್ಲೆಲ್ಲ ಗಂಟೆ-ನಿಮಿಷ ಬರೆದಿಟ್ಟುಕೊಳ್ಳಬೇಕು, ಇಲ್ಲದಿದ್ದರೆ ಮತ್ತೆ ಆ ಜಾಗ ಸಿಕ್ಕುವುದಿಲ್ಲ.

ನಾಟಕಕ್ಕೆ ಮಾತ್ರ ಯಾವ ರಾಜಿಯೂ ಬೇಡ: ಒಬ್ಬೊಬ್ಬರಿಗೂ ಒಂದು ಅಚ್ಚಿನ ಪ್ರತಿ. ಪಾತ್ರ ಹಂಚಿಕೊಂಡು ಗಟ್ಟಿಯಾಗಿ ಓದುವಾಗ ಮೊಬೈಲಿನ ಪರದೆ ಆರಿಹೋದರೆ ಇಡೀ ದೃಶ್ಯ ನಿಲ್ಲುತ್ತದೆ. ಕವಿತೆಗೆ ಇಡೀ ಸಂಕಲನ ಕೊಳ್ಳಿಸಿದರೂ ಒಂದು ಕೂಟಕ್ಕೆ ನಾಲ್ಕೇ ಕವಿತೆ ಸಾಕು. ಇ-ಪುಸ್ತಕದ ದೊಡ್ಡ ಅಕ್ಷರದಲ್ಲಿ ಸಾಲು ಮುರಿದು ಕವಿಯ ಪಂಕ್ತಿ ಎಲ್ಲಿ ಮುಗಿಯಿತೆಂದೇ ತಿಳಿಯುವುದಿಲ್ಲ, ಕವಿತೆಗೆ ಅದು ಒಗ್ಗದು. 176 ಪುಟದ ಕಾದಂಬರಿಗೆ ನಾಲ್ಕು ವಾರ ಕೊಟ್ಟರೆ ದಿನಕ್ಕೆ ಆರೇಳು ಪುಟ, ಕೆಲಸಕ್ಕೆ ಹೋಗುವವರಿಗೂ ಹೊರೆಯಲ್ಲ.

ಸ್ಕ್ಯಾನ್ ಪ್ರತಿಗಳು ಹಳೆಯ ಪುಸ್ತಕಕ್ಕೆ ಮಾತ್ರ. ನಮ್ಮ ದೇಶದ ಕಾಯ್ದೆಯಲ್ಲಿ ಲೇಖಕರು ತೀರಿಕೊಂಡ ಮರುವರ್ಷದಿಂದ 60 ವರ್ಷ ಕೃತಿಸ್ವಾಮ್ಯದ ಹಕ್ಕು ಉಳಿಯುತ್ತದೆ. 1937ರಲ್ಲಿ ತೀರಿಕೊಂಡ ಪಂಜೆ ಮಂಗೇಶರಾಯರು, 1942ರಲ್ಲಿ ತೀರಿಕೊಂಡ ಗಳಗನಾಥರು ಬಾಳಿದ್ದಾಗ ಪ್ರಕಟಿಸಿದ್ದನ್ನು ಯಾರು ಬೇಕಾದರೂ ಇಳಿಸಿಕೊಂಡು ಓದಬಹುದು, ಅಂಥವು ಇಂಟರ್ನೆಟ್ ಆರ್ಕೈವ್‌ನಲ್ಲಿ ಸಿಗುತ್ತವೆ. ಹಕ್ಕು ಇನ್ನೂ ಇರುವ ಲೇಖಕರ ಪುಸ್ತಕದ ಪಿಡಿಎಫ್ ವಾಟ್ಸಾಪಿನಲ್ಲಿ ಹರಿದಾಡಿದರೆ ಬಳಗದಲ್ಲಿ ಮುಂದಕ್ಕೆ ಕಳಿಸಬೇಡಿ. ಸಾವಿರ ಪ್ರತಿ ಅಚ್ಚು ಹಾಕಿ ಕಾದು ಕೂತ ಪ್ರಕಾಶಕರ ಹೊಟ್ಟೆಗೆ ಅದು ನೇರ ಪೆಟ್ಟು. ಸ್ಕ್ಯಾನಿನಲ್ಲಿ ಪುಟ ಬಿಟ್ಟುಹೋಗುವುದು, ಅಂಚಿನ ಅಕ್ಷರ ಕತ್ತರಿಸಿರುವುದು ಸಾಮಾನ್ಯ. ಒಬ್ಬರು ಮೊದಲೇ ಪೂರ್ತಿ ತಿರುವಿ ನೋಡಬೇಕು. ಆರಂಗುಲದ ಪರದೆಯಲ್ಲಿ ಒತ್ತಕ್ಷರ ಕಾಣಿಸುವುದಿಲ್ಲ, ಹತ್ತಂಗುಲದ ಟ್ಯಾಬ್ ಬೇಕು.

ಬೇರೆ ಊರಿನ ಸದಸ್ಯರಿಗೆ ಅಚ್ಚಿನ ಪ್ರತಿ ತಲುಪಿಸಲು ಅಂಚೆ ಇಲಾಖೆಯ ಜ್ಞಾನ ಪೋಸ್ಟ್ ಒಳ್ಳೆಯ ಸೇವೆ. 2025ರ ಮೇ 1ರಂದು ಶುರುವಾದಾಗಿನ ದರ 300 ಗ್ರಾಂವರೆಗೆ 20 ರೂಪಾಯಿ, 5 ಕಿಲೋವರೆಗೆ 100 ರೂಪಾಯಿ, ತೆರಿಗೆ ಬೇರೆ. 70 ಜಿಎಸ್‌ಎಂ ಕಾಗದದ 200 ಪುಟದ ಡೆಮಿ ಪುಸ್ತಕ ರಟ್ಟು ಸೇರಿ ಸುಮಾರು 230 ಗ್ರಾಂ. ತೆಳು ಲಕೋಟೆಯಲ್ಲಿಟ್ಟರೆ 20 ರೂಪಾಯಿಯ ಮಿತಿಯೊಳಗೇ ಉಳಿಯುತ್ತದೆ, ದಪ್ಪ ರಟ್ಟಿನ ಪೆಟ್ಟಿಗೆಗೆ ಹಾಕಿದರೆ ದಾಟುತ್ತದೆ. ಒಂದೇ ಊರಿನಲ್ಲಿ ಹತ್ತು ಸದಸ್ಯರಿದ್ದರೆ ಹತ್ತೂ ಪ್ರತಿಯನ್ನು ಒಂದೇ ಕಟ್ಟಾಗಿ ಒಬ್ಬರಿಗೆ ಕಳಿಸುವುದು ಅಗ್ಗ. ರಸ್ತೆ, ರೈಲಿನಲ್ಲಿ ಹೋಗುವುದರಿಂದ ಸ್ಪೀಡ್ ಪೋಸ್ಟಿನಷ್ಟು ಬೇಗ ಮುಟ್ಟದು. ಕಟ್ಟಿನ ಮೇಲೆ ಜ್ಞಾನ ಪೋಸ್ಟ್ ಎಂದು ಎದ್ದು ಕಾಣುವಂತೆ ಬರೆಯಿರಿ. ಒಳಗೆ ಪುಸ್ತಕ ಬಿಟ್ಟು ಬೇರೇನೂ ಇಡಬೇಡಿ. ಚರ್ಚೆಯ ಪ್ರಶ್ನೆಗಳ ಚೀಟಿಯನ್ನು ವಾಟ್ಸಾಪಿನಲ್ಲೇ ಕಳಿಸಿ, ಅಧ್ಯಾಯ ಮತ್ತು ಪ್ಯಾರಾ ಸಮೇತ.