ಹೊಗೆ ಪೈಪಿನ ಅಸ್ತ್ರ ಒಲೆ: ಹಲವು ಮಳೆಗಾಲ ಬಳಸಿದ ಮೇಲೆ

ಒಲೆಗೆ ಪೂರ್ತಿ ಅಂಕ. ಅದರ ಜೊತೆ ಸಾಮಾನ್ಯವಾಗಿ ಹಾಕಿಕೊಡುವ ಪೈಪಿಗೆ ಅರ್ಧ ಅಂಕವೂ ಇಲ್ಲ. ಕಡಿಮೆ ಖರ್ಚಿನಲ್ಲಿ ಕಟ್ಟಿಗೆ ಒಲೆ ಹಾಕಿಸುವವರು ಒಲೆಯ ಮೈಗೆ ಹಣ ಸುರಿಯಬೇಡಿ, ಅದು ಮಣ್ಣಿನದೇ ಸಾಕು. ಉಳಿದದ್ದೆಲ್ಲ ಪೈಪಿಗೂ ಪೈಪು ಮಾಡನ್ನು (ಚಾವಣಿಯನ್ನು) ದಾಟುವ ಜಾಗಕ್ಕೂ ಹೋಗಲಿ. ಒಲೆ ಸರಿಯಿಲ್ಲದಿದ್ದರೆ ಅಡುಗೆ ತಡವಾಗುತ್ತದೆ, ಪೈಪು ಸರಿಯಿಲ್ಲದಿದ್ದರೆ ಮಾಡು ಹೊರುವ ಮರದ ಪಕಾಸಿಗೆ ಬೆಂಕಿ ಬೀಳುತ್ತದೆ.

ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ 1974ರಲ್ಲಿ ಶುರುವಾದ ‘ಅಸ್ತ್ರ’ ಎಂಬ ಗ್ರಾಮೀಣ ತಂತ್ರಜ್ಞಾನ ವಿಭಾಗ 1980ರ ದಶಕದ ಆರಂಭದಲ್ಲಿ ರೂಪಿಸಿದ ಒಲೆ ಇದು. ಮುಚ್ಚಿದ ಬಾಯಿ, ಕೆಳಗೆ ಜಾಲರಿ, ಸಾಲಾಗಿ ಮೂರು ಪಾತ್ರೆ, ಕೊನೆಯಲ್ಲಿ ಪೈಪು. ಮೊದಲ ಪಾತ್ರೆಗೆ ನೇರ ಉರಿ, ಉಳಿದೆರಡಕ್ಕೆ ಹೊಗೆಯ ಜೊತೆ ಹೋಗುವ ಬಿಸಿ. ನಮ್ಮ ಹಳೆಯ ಕೋಡೊಲೆಯ ಲೆಕ್ಕವೇ, ಆದರೆ ಇಲ್ಲಿ ಬಿಸಿ ಪಕ್ಕದಲ್ಲಿ ಸೋರಿ ಹೋಗುವುದಿಲ್ಲ. ಕೇಂದ್ರ ಸರ್ಕಾರದ ಸುಧಾರಿತ ಒಲೆ ಕಾರ್ಯಕ್ರಮ 2002ರಲ್ಲಿ ನಿಂತಿತು. ಈಗ ಕಟ್ಟುವವರನ್ನು ನಾವೇ ಹುಡುಕಿ, ನಿಂತು ಕಟ್ಟಿಸಬೇಕು.

ಮೈಗೆ ಹುತ್ತದ ಮಣ್ಣು, ಭತ್ತದ ಹೊಟ್ಟು, ಸ್ವಲ್ಪ ಸಗಣಿ. ಕಲಸಿದ ಮಣ್ಣಿನ ಉಂಡೆಯೊಂದನ್ನು ನೆರಳಲ್ಲಿ ಒಣಗಿಸಿ ನೋಡಿ. ಬಿರುಕು ಬಿಟ್ಟರೆ ಮರಳನ್ನೋ ಹೊಟ್ಟನ್ನೋ ಇನ್ನಷ್ಟು ಸೇರಿಸಿ, ಬೆರಳಿಗೆ ಉದುರಿದರೆ ಜಿಗುಟು ಮಣ್ಣು ಹೆಚ್ಚಿಸಿ. ಉರಿ ತಾಗುವ ಕಡೆ ಸಿಮೆಂಟ್ ಬೇಡವೇ ಬೇಡ. ಕಾದು ಆರಿ, ಕಾದು ಆರಿ ಒಂದೇ ವರ್ಷದಲ್ಲಿ ಸಿಡಿಯುತ್ತದೆ, ಬಿರುಕಿನಿಂದ ಹೊಗೆ ಹೊರಡುತ್ತದೆ. ಮಣ್ಣು ಬಿರಿದರೆ ಅದೇ ಮಣ್ಣಿನಿಂದ ಸಾರಿಸಿದರಾಯಿತು. ಕಟ್ಟಿ ಎರಡು ವಾರ ಒಣಗಲು ಬಿಡಿ. ಆಮೇಲೆ ಎರಡು ಮೂರು ದಿನ ಸಣ್ಣ ಉರಿ, ನಂತರವಷ್ಟೇ ಪೂರ್ತಿ ಅಡುಗೆ.

ಜಾಲರಿಗೆ ಬೀಡು ಕಬ್ಬಿಣವೇ ಬೇಕು. ಸರಳು ಬೆಸುಗೆ ಹಾಕಿಸಿದ ಜಾಲರಿ ಅಗ್ಗ, ಆದರೆ ಕೆಂಡದ ಬಿಸಿಗೆ ನಡುವೆ ಜೋತು ಬೀಳುತ್ತದೆ. ಅದರ ಕೆಳಗಿನ ಬೂದಿ ದಿನಾ ತೆಗೆಯಬೇಕು. ಬೂದಿ ತುಂಬಿದರೆ ಕೆಳಗಿನಿಂದ ಗಾಳಿ ಬರುವುದಿಲ್ಲ, ಮೇಲಿನ ಬಿಸಿಗೆ ಜಾಲರಿಯೂ ಬೇಗ ಸುಡುತ್ತದೆ.

ಪಾತ್ರೆಯ ಅಳತೆ ಕಟ್ಟುವ ದಿನವೇ ನಿಶ್ಚಯವಾಗುತ್ತದೆ. ದಿನನಿತ್ಯದ ಅನ್ನದ ಪಾತ್ರೆ, ಸಾರಿನ ಪಾತ್ರೆ, ನೀರಿನ ತಪ್ಪಲೆಯನ್ನೇ ಇಟ್ಟು ಬಾಯಿ ಮಾಡಿಸಿ. ಮುಂದೆ ಬೇರೆ ಅಳತೆಯ ಪಾತ್ರೆ ಇಟ್ಟರೆ ಸಂದಿಯಿಂದ ಹೊಗೆ ಬರುತ್ತದೆ. ಪಾತ್ರೆ ಎತ್ತಿದ ಕೂಡಲೇ ಬಾಯಿಗೆ ತಟ್ಟೆ ಮುಚ್ಚಬೇಕು. ಈ ಒಲೆಯಲ್ಲಿ ನಮಗೆ ನಿಜವಾಗಿ ಕಿರಿಕಿರಿ ಎನಿಸಿದ್ದು ಇದೊಂದೇ: ಒಂದು ಲೋಟ ಕಾಫಿಗೆಂದು ಹೊತ್ತಿಸುವ ಒಲೆ ಅಲ್ಲ. ಮೂರೂ ಪಾತ್ರೆ ತುಂಬಿದಾಗ ಮಾತ್ರ ಕಟ್ಟಿಗೆ ಉಳಿಯುತ್ತದೆ.

ಇನ್ನು ಪೈಪು. ಹಿಂದೆ ಎಲ್ಲರೂ ಹಾಕಿದ್ದು 4 ಇಂಚಿನ ಆಸ್ಬೆಸ್ಟಾಸ್ ಸಿಮೆಂಟ್ ಪೈಪು. ಹೊಸದಾಗಿ ಅದನ್ನು ತರಬೇಡಿ. ದಿಢೀರ್ ಬಿಸಿಗೆ ಸೀಳುತ್ತದೆ, ಕೊಯ್ದಾಗ ಏಳುವ ಧೂಳು ಶ್ವಾಸಕೋಶದ ಕ್ಯಾನ್ಸರ್ ತರುತ್ತದೆ. ಹಳೆಯದು ಇದ್ದರೆ ಗರಗಸ ಮುಟ್ಟಿಸದೆ, ನೀರಿನಲ್ಲಿ ಚೆನ್ನಾಗಿ ನೆನೆಸಿ, ಇಡಿಯಾಗಿ ಬಿಚ್ಚಿಸಿ. ಪಿವಿಸಿ ಮಾತೇ ಬೇಡ. ಜಿಐ (ಸತು ಲೇಪಿಸಿದ ಕಬ್ಬಿಣ) ತಗಡಿನ ಪೈಪು ಎಲ್ಲಕ್ಕಿಂತ ಅಗ್ಗ ಕಾಣುತ್ತದೆ. ಆದರೆ ಅದರ ಸತುವಿನ ಲೇಪ 200 ಡಿಗ್ರಿ ಸೆಲ್ಸಿಯಸ್‌ಗಿಂತ ಮೇಲೆ ಹೆಚ್ಚು ಕಾಲ ನಿಲ್ಲುವುದಿಲ್ಲ, ಹೊಗೆಯ ಹುಳಿ ನೀರು ಒಳಗಿನಿಂದ ತಿನ್ನುತ್ತದೆ. ಒಲೆಯಿಂದ ಮೇಲೇಳುವ ಮೊದಲ ತುಂಡಿಗಂತೂ ಅದು ಸಲ್ಲದು.

ಉಳಿದದ್ದು ಎರಡು. 3 ಮಿ.ಮೀ. ದಪ್ಪದ 4 ಇಂಚಿನ ಕಬ್ಬಿಣದ ಪೈಪು ಮೀಟರಿಗೆ 8 ಕೆ.ಜಿ.ಗಿಂತ ತುಸು ಹೆಚ್ಚೇ ತೂಗುತ್ತದೆ. 0.8 ಮಿ.ಮೀ. ಸ್ಟೇನ್‌ಲೆಸ್ ಹಾಳೆ ಸುತ್ತಿ ಮಾಡಿದ್ದು ಮೀಟರಿಗೆ ಸುಮಾರು 2 ಕೆ.ಜಿ. ಎರಡನ್ನೂ ಕೆ.ಜಿ. ಲೆಕ್ಕದಲ್ಲೇ ಮಾರುವುದರಿಂದ, ಕೇಳಲು ದುಬಾರಿಯಾದ ಸ್ಟೇನ್‌ಲೆಸ್ ಕೊನೆಗೆ ಕಬ್ಬಿಣದ ಹತ್ತಿರಕ್ಕೇ ಬಂದು ನಿಲ್ಲುತ್ತದೆ. ಎಂಟಡಿ-ನಾಲ್ಕಡಿಯ ಒಂದು ಹಾಳೆ ಸುಮಾರು 19 ಕೆ.ಜಿ. ಇರುತ್ತದೆ. ಅದನ್ನು ಉದ್ದಕ್ಕೆ ಮೂರು ಪಟ್ಟಿ ಮಾಡಿದರೆ ಎಂಟೆಂಟು ಅಡಿಯ ಮೂರು ಪೈಪು ಸಿಗುತ್ತವೆ, ಉಳಿದ ತುಂಡಿನಲ್ಲಿ, ಮಾಡಿನ ಮೇಲೆ ಪೈಪಿನ ಸುತ್ತ ನೀರು ತಡೆಯುವ ಮಳೆ ಪಟ್ಟಿಯನ್ನೂ ಮಾಡಿಸಬಹುದು. ಹಾಳೆ 304 ದರ್ಜೆಯದ್ದಿರಲಿ, ಬಿಲ್ಲಿನಲ್ಲಿ ದರ್ಜೆ ಬರೆಸಿಕೊಳ್ಳಿ. ಅಯಸ್ಕಾಂತ ಹಿಡಿದು ನೋಡಿದರೆ ಸಾಲದು, ಕೀಳು ದರ್ಜೆಯ 202ಕ್ಕೂ ಅದು ಅಂಟುವುದಿಲ್ಲ.

ಪೈಪು ಜೋಡಿಸುವಾಗ ಮೇಲಿನ ತುಂಡಿನ ಕೆಳತುದಿ ಕೆಳಗಿನ ತುಂಡಿನ ಒಳಗೆ ಕೂರಬೇಕು. ಇದನ್ನು ತಿರುಗಾಮುರುಗಾ ಮಾಡುವವರೇ ಹೆಚ್ಚು. ಹಾಗೆ ಮಾಡಿದರೆ ಹಸಿ ಕಟ್ಟಿಗೆಯ ಡಾಂಬರಿನಂಥ ಅಂಟು ಸಂದಿಯಿಂದ ಹೊರಗಿಳಿದು ಗೋಡೆಯೆಲ್ಲ ಕಪ್ಪಾಗುತ್ತದೆ. ಪ್ರತಿ ಸಂದಿಗೂ ಮೂರು ಸ್ಕ್ರೂ ಹಾಕಿಸಿ. ಬುಡದಲ್ಲಿ ಪೈಪು ಹೊಗೆ ದಾರಿಯೊಳಗೆ ಕುಸಿದು ಕೂತರೆ ಹೊಗೆಗೆ ದಾರಿಯೇ ಮುಚ್ಚುತ್ತದೆ, ಇಟ್ಟಿಗೆಯ ಅಂಚಿನ ಮೇಲೆ ನಿಲ್ಲಿಸಿ. ಅಲ್ಲೇ ಪಕ್ಕದಲ್ಲಿ ಮಸಿ ತೆಗೆಯಲು ಕೈ ಹಿಡಿಸುವಷ್ಟು ಬಾಯಿ, ಅದಕ್ಕೊಂದು ಬಿಗಿ ಮುಚ್ಚಳ ಇರಲಿ.

ಈಗ ಮಾಡು ದಾಟುವ ವಿಷಯ. ಒಂಟಿ ಪದರದ ಪೈಪಿಗೂ ಮರಕ್ಕೂ ನಡುವೆ ಎಲ್ಲ ಕಡೆ 45 ಸೆಂ.ಮೀ. ಅಂತರ ಬೇಕು. “ಮರ ಇಷ್ಟು ದೂರ ಇದೆ, ಕೈಗೆ ಬಿಸಿಯೇ ತಾಗುವುದಿಲ್ಲ” ಎಂದು ಮೇಸ್ತ್ರಿ ಹೇಳಿದರೆ ಒಪ್ಪಬೇಡಿ. ವರ್ಷಗಟ್ಟಲೆ ಬಿಸಿಗೆ ಒಡ್ಡಿದ ಮರ ನಿಧಾನಕ್ಕೆ ಇದ್ದಿಲಿನಂತಾಗಿ, ಮೊದಲಿಗಿಂತ ಕಡಿಮೆ ಬಿಸಿಗೇ ಹೊತ್ತಿಕೊಳ್ಳುತ್ತದೆ. ಹಂಚಿನ ಮನೆಯಲ್ಲಿ ಎರಡು ಪಕಾಸಿನ ನಡುವೆ ಪೈಪು ತೂರಿಸಿದರೆ ಈ ಅಂತರ ಸಿಗುವುದೇ ಇಲ್ಲ. ನಾವು ಶಿಫಾರಸು ಮಾಡುವುದು: ಪೈಪನ್ನು ನಡುವೆ ಇಟ್ಟುಕೊಂಡು 1 ಮೀಟರ್ ಚೌಕದೊಳಗಿನ ಪಕಾಸು, ರೀಪು (ಹಂಚು ಕೂರುವ ಮರದ ಪಟ್ಟಿ) ತೆಗೆಸಿ, ಕಬ್ಬಿಣದ ಆ್ಯಂಗ್ಲರ್ ಚೌಕಟ್ಟು ಹಾಕಿಸಿ, ಅದರ ಮೇಲೆ ಹಂಚು ಕೂರಿಸಿ. ಪೈಪಿನ 10 ಸೆಂ.ಮೀ., ಎರಡೂ ಬದಿಗೆ 45 ಸೇರಿ ಸರಿಯಾಗಿ 1 ಮೀಟರ್. ಇಡೀ ಕೆಲಸದಲ್ಲಿ ಹಣ ಉಳಿಸಬಾರದ ಜಾಗ ಇದು. ಸೋಗೆ ಅಥವಾ ಹುಲ್ಲಿನ ಮಾಡಿಗೆ ಇಂಥ ಪೈಪು ಹಾಕಲೇಬಾರದು.

ಅಡುಗೆಮನೆಯ ಮೇಲೆ ಅಟ್ಟ ಇದ್ದರೆ ಅಲ್ಲಿಯೂ ಅದೇ ಅಂತರ ಬೇಕು. ಜೊತೆಗೆ ಪೈಪಿನ ಸುತ್ತ ತಂತಿ ಬಲೆಯ ಬೇಲಿ ಕಟ್ಟಿಸಿ. ಇಲ್ಲವಾದರೆ ಮಳೆಗಾಲದಲ್ಲಿ ಯಾರೋ ಒಬ್ಬರು ಒಣಗಲೆಂದು ಅಡಿಕೆ ಹಾಳೆ, ಸಿಪ್ಪೆ ತಂದು ಬೆಚ್ಚಗಿನ ಪೈಪಿಗೇ ಒರಗಿಸುತ್ತಾರೆ.

ಗೋಡೆಯಿಂದ ಹೊರಗೆ ಒಯ್ದರೆ ಸುಲಭವಲ್ಲವೇ ಎಂದು ಬಹಳ ಮಂದಿ ಕೇಳುತ್ತಾರೆ. ಜಂಬಿಟ್ಟಿಗೆ ಗೋಡೆಗೆ ಬೆಂಕಿಯ ಭಯವಿಲ್ಲ ನಿಜ. ಆದರೆ ಮಲೆನಾಡಿನ ಮಾಡು ಗೋಡೆಯಿಂದ ಬಹಳ ಮುಂದೆ ಚಾಚಿರುತ್ತದೆ. ಪೈಪನ್ನು ಅಷ್ಟು ದೂರ ಅಡ್ಡ ಒಯ್ಯಬೇಕು, ಇಲ್ಲವೇ ಸೂರನ್ನು ಕೊರೆಯಲೇಬೇಕು. ಅಡ್ಡ ಓಟ ಎಳೆತವನ್ನು, ಅಂದರೆ ಹೊಗೆಯನ್ನು ಮೇಲಕ್ಕೆ ಸೆಳೆಯುವ ಶಕ್ತಿಯನ್ನು, ಕೊಲ್ಲುತ್ತದೆ, ಹೊರಗಿನ ತಂಪಿಗೆ ಅಂಟು ಹೆಚ್ಚು ಕಟ್ಟುತ್ತದೆ. ಬೇರೆ ದಾರಿಯೇ ಇಲ್ಲವೆಂದಾದರೆ 90 ಡಿಗ್ರಿಯ ಒಂದು ತಿರುವಿನ ಬದಲು 45ರ ಎರಡು ತಿರುವು ಕೊಡಿ, ಅಡ್ಡ ಭಾಗ ಮೀಟರಿಗೆ ಕನಿಷ್ಠ 2 ಸೆಂ.ಮೀ. ಮೇಲೇರಲಿ.

ಪೈಪಿನ ತುದಿ ಮಾಡು ದಾಟಿದ ಜಾಗದಿಂದ ಕನಿಷ್ಠ 3 ಅಡಿ ಎತ್ತರ, ಸುತ್ತ 10 ಅಡಿಯೊಳಗಿನ ಯಾವುದೇ ಭಾಗಕ್ಕಿಂತ 2 ಅಡಿ ಎತ್ತರ ಇರಬೇಕು. ಮೋಳಿಗಿಂತ (ಮಾಡಿನ ನೆತ್ತಿಗಿಂತ) ತಗ್ಗಿದ್ದರೆ ಗಾಳಿ ಬಿದ್ದಾಗಲೆಲ್ಲ ಹೊಗೆ ಒಳಕ್ಕೆ ತಿರುಗುತ್ತದೆ. ಟೋಪಿಗೂ ಪೈಪಿನ ಬಾಯಿಗೂ ನಡುವೆ ಪೈಪಿನ ಅಗಲದಷ್ಟೇ ಸಂದು ಬಿಡಿ. ಟೋಪಿಗೆ ಸಣ್ಣ ಕಣ್ಣಿನ ಬಲೆ ಬೇಡ, ಬೇಗ ಮಸಿ ಕಟ್ಟುತ್ತದೆ.

ಸೋರಿಕೆಯ ದೂರು ಬರುವುದು ಸಿಮೆಂಟ್ ಮೆತ್ತಿದ ಕಡೆ. 10 ಅಡಿಯ ಸ್ಟೇನ್‌ಲೆಸ್ ಪೈಪು 200 ಡಿಗ್ರಿಯಷ್ಟು ಬಿಸಿಯೇರಿದರೆ ಹೆಚ್ಚುಕಮ್ಮಿ 1 ಸೆಂ.ಮೀ. ಉದ್ದವಾಗುತ್ತದೆ. ಅದನ್ನು ಸಿಮೆಂಟಿನಿಂದ ಬಿಗಿದರೆ ಬಿರುಕು ಖಂಡಿತ. ಸರಿಯಾದ ಕ್ರಮ ಹೀಗೆ: ತಗಡಿನ ಹಾಳೆಗೆ ತೂತು ಮಾಡಿ, ಅದರ ಮೇಲಂಚು ಮೇಲಿನ ಸಾಲಿನ ಹಂಚಿನ ಕೆಳಗೆ, ಕೆಳಂಚು ಕೆಳಗಿನ ಸಾಲಿನ ಹಂಚಿನ ಮೇಲೆ ಬರುವಂತೆ ಕೂರಿಸಿ. ತೂತಿನ ಸುತ್ತ ಎರಡು ಇಂಚಿನ ಕಾಲರ್ ಎಬ್ಬಿಸಿ. ಅದಕ್ಕಿಂತ ಮೇಲೆ, ಪೈಪಿಗೆ ಮಾತ್ರ ಅಂಟಿದಂತೆ, ಕೊಡೆಯಾಕಾರದ ಮಳೆ ಪಟ್ಟಿ ಬಿಗಿದು ಶಾಖ ತಡೆಯುವ ಸಿಲಿಕೋನ್ ಹಚ್ಚಿ. ಪೈಪು ಹಿಗ್ಗಿದಾಗ ಪಟ್ಟಿಯೂ ಜೊತೆಗೇ ಏರಿಳಿಯುತ್ತದೆ, ನೀರು ಒಳಗೆ ಬರುವುದಿಲ್ಲ.

ಎಳೆತ ಪರೀಕ್ಷಿಸಲು ಊದುಬತ್ತಿ ಸಾಕು. ಒಲೆಯ ಬಾಯಿಯಲ್ಲಿ ಹಿಡಿದರೆ ಹೊಗೆ ಒಳಕ್ಕೆ ಸೆಳೆದುಹೋಗಬೇಕು. ತಣ್ಣಗಿನ ಒಲೆ ಮೊದಲು ಹೊಗೆ ಉಗುಳಿದರೆ ಬುಡದ ಬಾಯಿಯಲ್ಲಿ ಒಂದು ಹಾಳೆ ಕಾಗದ ಸುಟ್ಟು ಪೈಪು ಬೆಚ್ಚಗೆ ಮಾಡಿ. ಎಕ್ಸಾಸ್ಟ್ ಫ್ಯಾನ್ ಹಾಕಿದಾಗ ಹೊಗೆ ಹಿಂದೆ ಬಂದರೆ ದೋಷ ಒಲೆಯದ್ದಲ್ಲ, ಕೋಣೆಗೆ ಗಾಳಿ ಸಾಲದು. ಕಿಟಕಿ ತೆರೆಯಿರಿ. ಮುಚ್ಚಿದ ಕೋಣೆಯಲ್ಲಿ ಕೆಂಡ ಬಿಡುವುದು, ಅದರಲ್ಲೂ ಬಚ್ಚಲಲ್ಲಿ, ಪ್ರಾಣಕ್ಕೇ ಅಪಾಯ. ಕಾರ್ಬನ್ ಮೊನಾಕ್ಸೈಡಿಗೆ ವಾಸನೆಯೂ ಇಲ್ಲ, ಬಣ್ಣವೂ ಇಲ್ಲ.

ದಿನಾ ಉರಿಸುವವರು ತಿಂಗಳಿಗೊಮ್ಮೆ ಪೈಪು ಗುಡಿಸಬೇಕು. ಬಿದಿರ ಗಳುವಿನ ತುದಿಗೆ ತೆಂಗಿನ ನಾರಿನ ಉಂಡೆ ಕಟ್ಟಿ ಮೇಲಿನಿಂದ ಎಳೆದರೆ ಮಸಿ ಬುಡಕ್ಕೆ ಬೀಳುತ್ತದೆ. ಪುಡಿ ಮಸಿ ಬಂದರೆ ಕಟ್ಟಿಗೆ ಒಣಗಿದೆ ಎಂದರ್ಥ. ಹೊಳೆಯುವ ಗಟ್ಟಿ ಅಂಟು ಬಂದರೆ ಕಟ್ಟಿಗೆ ಹಸಿ. ಸೀಳಿ ಕನಿಷ್ಠ ಆರು ತಿಂಗಳು ಒಣಗಿಸಿದ್ದನ್ನೇ ಉರಿಸಿ. ಆ ಅಂಟಿಗೇ ಬೆಂಕಿ ಹತ್ತಿದರೆ ಪೈಪು ಗುಡುಗಿದಂತೆ ಸದ್ದು ಮಾಡಿ ಕೆಂಪಗಾಗುತ್ತದೆ. ಆಗ ಪಾತ್ರೆ ಎತ್ತಬೇಡಿ, ಪೈಪಿಗೆ ನೀರೆರಚಬೇಡಿ. ಒಲೆಯ ಬಾಯಿ, ಬೂದಿ ಬಾಯಿ ಎರಡನ್ನೂ ಹಸಿ ಮಣ್ಣಿನಿಂದ ಮುಚ್ಚಿ, ಮನೆಯವರನ್ನು ಹೊರಗೆ ಕಳಿಸಿ, 101ಕ್ಕೆ ಕರೆ ಮಾಡಿ. ಪೂರ್ತಿ ಆರಿದ ಮೇಲೆ ಪ್ರತಿ ಸಂದಿಯನ್ನೂ ನೋಡದೆ ಮತ್ತೆ ಹೊತ್ತಿಸಬಾರದು.

ಒಂದು ನಷ್ಟವೂ ಇದೆ. ಹೊಗೆ ನಿಂತ ಮೇಲೆ ಪಕಾಸಿಗೆ ಕುಟ್ಟೆ ಹುಳ ಬರುತ್ತದೆ. ಒಲೆಯ ಮೇಲೆ ಮುರುಗಲು ಸಿಪ್ಪೆ ಒಣಗಿಸುವುದೂ ಮೊದಲಿನಂತೆ ಆಗುವುದಿಲ್ಲ. ಮರಕ್ಕೆ ಆಗಾಗ ಗೇರುಬೀಜದ ಸಿಪ್ಪೆಯ ಎಣ್ಣೆ ಹಚ್ಚಬೇಕು, ಆದರೆ ಪೈಪಿನ ಹತ್ತಿರದ ಪಕಾಸಿಗೆ ಒಲೆ ಪೂರ್ತಿ ತಣಿದ ದಿನ ಮಾತ್ರ ಹಚ್ಚಿ, ಅದು ಒಣಗುವ ತನಕ ಉರಿ ಹಾಕಬೇಡಿ.