ಸೀಸನ್ನಿಗೆ ಮುನ್ನ ಬ್ರೇಕ್ ಆಯಿಲ್: ಮನೆಯಲ್ಲಿ ಕಟ್ಟಿದ ರೇಸ್ ಕಾರಿನಲ್ಲಿ ಮೊಟುಲ್ ಆರ್‌ಬಿಎಫ್ 600

ಮನೆಯಲ್ಲೇ ರೇಸ್ ಕಾರು ಕಟ್ಟುವವರ ಖರ್ಚಿನ ಪುಸ್ತಕವನ್ನು ತೆರೆದು ನೋಡಿದರೆ ಮೊದಲ ಪುಟಗಳಲ್ಲಿ ಎಂಜಿನ್ ಕೆಲಸ, ರೋಲ್ ಕೇಜ್, ಸೀಟು, ಬೆಲ್ಟು, ಟೈರು ಇವೇ ತುಂಬಿರುತ್ತವೆ. ಬ್ರೇಕ್ ಆಯಿಲ್ ಎಂಬುದು ಎಲ್ಲೋ ಕೊನೆಯಲ್ಲಿ, ನಟ್ಟು ಬೋಲ್ಟುಗಳ ಸಾಲಿನಲ್ಲಿ, ಒಂದು ಡಬ್ಬಿ ಎಂದಷ್ಟೇ ಬರೆದಿರುತ್ತದೆ. ನನ್ನ ಪುಸ್ತಕವೂ ಬಹುಕಾಲ ಹಾಗೆಯೇ ಇತ್ತು. ಬೆಂಗಳೂರಿನ ನಮ್ಮ ಮನೆಯ ಪೋರ್ಟಿಕೋದಲ್ಲಿ ನಾನು ಮತ್ತು ನನ್ನ ತಮ್ಮ ಸೇರಿ ಕಟ್ಟಿದ ಹಳೆಯ ಮಾರುತಿ ಎಸ್ಟೀಮ್ ಕಾರನ್ನು ಈ ಬಾರಿಯ ಸೀಸನ್ನಿಗೆ ಸಿದ್ಧಮಾಡಲು ಕುಳಿತಾಗ, ಎಲ್ಲಕ್ಕಿಂತ ಮೊದಲು ಕೊಂಡು ತಂದದ್ದು ಮೊಟುಲ್ ಕಂಪನಿಯ ಆರ್‌ಬಿಎಫ್ 600 ಬ್ರೇಕ್ ಆಯಿಲಿನ ಎರಡು ಬಾಟಲಿ. ಕಳೆದ ಸೀಸನ್ ಪೂರ್ತಿ ಇದನ್ನೇ ಬಳಸಿದ್ದೇವೆ. ಮನೆಯಲ್ಲಿ ಕಾರು ಕಟ್ಟುವ ಇತರರಿಗೆ ಇದು ಎಷ್ಟರಮಟ್ಟಿಗೆ ಬೇಕು, ಎಲ್ಲಿ ಬೇಡ ಎಂಬುದನ್ನು ಹೇಳಲು ಈಗ ಸಾಕಷ್ಟು ಅನುಭವವಿದೆ ಎಂದುಕೊಂಡು ಬರೆಯುತ್ತಿದ್ದೇನೆ.

ಮೊದಲಿಗೆ ಹೆಸರಿನ ಗೊಂದಲವನ್ನು ಬಿಡಿಸಬೇಕು. ಗ್ಯಾರೇಜುಗಳಲ್ಲಿ ಎಲ್ಲರೂ ಬ್ರೇಕ್ ಆಯಿಲ್ ಎಂದೇ ಕರೆಯುವ ಈ ದ್ರವ ಎಣ್ಣೆಯಲ್ಲ, ಗ್ಲೈಕಾಲ್ ಜಾತಿಯ ರಾಸಾಯನಿಕ. ಎಣ್ಣೆಯೆಂಬ ಹೆಸರನ್ನು ನಂಬಿ ಎಂಜಿನ್ ಆಯಿಲನ್ನೋ ಪವರ್ ಸ್ಟೀರಿಂಗಿನ ಎಣ್ಣೆಯನ್ನೋ ಅದರ ಜಾಗಕ್ಕೆ ಸುರಿದರೆ ಒಳಗಿನ ರಬ್ಬರ್ ಸೀಲುಗಳು ಊದಿಕೊಂಡು ಬ್ರೇಕೇ ಕೆಡುತ್ತದೆ. ಎಣ್ಣೆ ನೀರಿನೊಂದಿಗೆ ಬೆರೆಯುವುದಿಲ್ಲ. ಗ್ಲೈಕಾಲ್ ಮಾತ್ರ ಗಾಳಿಯಲ್ಲಿರುವ ತೇವವನ್ನು ತಾನಾಗಿ ಎಳೆದುಕೊಳ್ಳುತ್ತದೆ. ಮೆದುಗೊಳವೆಯ ರಬ್ಬರಿನ ಮೂಲಕ, ಪೆಡಲಿನ ಒತ್ತಡವನ್ನು ಆಯಿಲಿಗೆ ದಾಟಿಸುವ ಮಾಸ್ಟರ್ ಸಿಲಿಂಡರಿನ ಮೇಲಿರುವ ಡಬ್ಬಿಯ ಮುಚ್ಚಳದ ಮೂಲಕ, ಕಾರು ಓಡಲಿ ಓಡದಿರಲಿ, ನೀರು ಒಳಗೆ ಸೇರುತ್ತಲೇ ಇರುತ್ತದೆ. ವರ್ಷದಲ್ಲಿ ಬಹುಪಾಲು ದಿನ ಟಾರ್ಪಾಲಿನ ಕೆಳಗೆ ನಿಲ್ಲುವ ರೇಸ್ ಕಾರಿಗೆ ಇದು ಹೆಚ್ಚಿನ ಅಪಾಯ, ಏಕೆಂದರೆ ಓಡದ ಕಾರಿನ ಬ್ರೇಕ್ ಆಯಿಲ್ ಹಳೆಯದಾಗಿದೆ ಎಂಬ ಯೋಚನೆಯೇ ಯಾರಿಗೂ ಬರುವುದಿಲ್ಲ.

ನೀರು ಸೇರಿದರೆ ಕುದಿಯುವ ಮಟ್ಟ ಇಳಿಯುತ್ತದೆ. ಬಾಟಲಿಯ ಮೇಲೆ ಕಾಣುವ ಡಾಟ್ 3, ಡಾಟ್ 4 ಎಂಬ ಗುರುತುಗಳು ಅಮೆರಿಕದ ಸಾರಿಗೆ ಇಲಾಖೆಯ ಮಾನದಂಡದಿಂದ ಬಂದವು. ಡಾಟ್ 4 ಎನ್ನಿಸಿಕೊಳ್ಳಲು ಒಂದು ದ್ರವವು ಹೊಸದಾಗಿದ್ದಾಗ ಕನಿಷ್ಠ 230 ಡಿಗ್ರಿ ಸೆಲ್ಸಿಯಸ್‌ವರೆಗೆ, ಸುಮಾರು ಶೇಕಡಾ 3.7ರಷ್ಟು ನೀರು ಸೇರಿದ ಮೇಲೆ ಕನಿಷ್ಠ 155 ಡಿಗ್ರಿಯವರೆಗೆ ಕುದಿಯದೆ ನಿಲ್ಲಬೇಕು. ಆರ್‌ಬಿಎಫ್ 600ಕ್ಕೆ ಕಂಪನಿ ಕೊಟ್ಟಿರುವ ಅಂಕಿಗಳು ಹೊಸದಾಗಿದ್ದಾಗ 312 ಡಿಗ್ರಿ, ನೀರು ಸೇರಿದ ಮೇಲೆ 205 ಡಿಗ್ರಿ. ಅಂಗಡಿಯವರು ಮೊದಲ ಅಂಕಿಯನ್ನೇ ದೊಡ್ಡದಾಗಿ ಹೇಳುತ್ತಾರೆ. ಮನೆಯಲ್ಲಿ ಕಾರು ಕಟ್ಟುವವನು ಓದಬೇಕಾದ್ದು ಎರಡನೆಯದನ್ನು ಎಂಬುದು ನನ್ನ ದೃಢವಾದ ಅಭಿಪ್ರಾಯ. ಪ್ರತಿ ರೇಸಿಗೂ ಆಯಿಲ್ ಬದಲಿಸುವ ದೊಡ್ಡ ತಂಡಗಳ ಕಾರಿನಲ್ಲಿ ಅದು ಸದಾ ಹೊಸದೇ. ನಮ್ಮಲ್ಲಿ ಅದು ಎರಡು ರೇಸಿಗೋ ಮೂರು ರೇಸಿಗೋ ಒಮ್ಮೆ ಬದಲಾಗುತ್ತದೆ, ನಡುವೆ ಒಂದು ಮಳೆಗಾಲವೂ ಬಂದುಹೋಗುತ್ತದೆ.

ಈ ಅಂಕಿಗಳಿಗೆ ಅಷ್ಟು ಬೆಲೆ ಕೊಡಲು ನನಗೊಂದು ಕಾರಣವಿದೆ. ಎರಡು ಸೀಸನ್‌ಗಳ ಹಿಂದೆ ಶ್ರೀಪೆರಂಬದೂರಿನ ಬಳಿ ಇರುಂಗಾಟ್ಟುಕೋಟ್ಟೈಯಲ್ಲಿರುವ ಮದ್ರಾಸ್ ಸರ್ಕ್ಯೂಟಿಗೆ ಅಭ್ಯಾಸಕ್ಕೆಂದು ಹೋಗಿದ್ದೆವು. ಸುತ್ತಿನ ಉದ್ದ 3.717 ಕಿಲೋಮೀಟರ್. ಕಾರಿನಲ್ಲಿ ಇದ್ದದ್ದು ಸಾಮಾನ್ಯ ಡಾಟ್ 4, ಅದೂ ಹಾಕಿ ಎರಡು ವರ್ಷವಾಗಿತ್ತು. ಮೊದಲ ನಾಲ್ಕು ಸುತ್ತು ಯಾವ ತೊಂದರೆಯೂ ಕಾಣಲಿಲ್ಲ. ಐದನೆಯ ಸುತ್ತಿನಲ್ಲಿ, ನೇರದಾರಿ ಮುಗಿದು ತಿರುವು ಬರುವಾಗ ಬ್ರೇಕ್ ಒತ್ತಿದರೆ ಪೆಡಲ್ ನೆನೆದ ಸ್ಪಂಜಿನ ಮೇಲೆ ಕಾಲಿಟ್ಟಂತೆ ಮೆತ್ತಗೆ ಕೆಳಗಿಳಿದು ನೆಲ ಮುಟ್ಟಿತು. ಎತ್ತಿ ಮತ್ತೊಮ್ಮೆ, ಮಗದೊಮ್ಮೆ ಒತ್ತಿದ ಮೇಲೆ ಸ್ವಲ್ಪ ಬಲ ಸಿಕ್ಕಿತು; ಅಷ್ಟರಲ್ಲಿ ಕಾರು ಟಾರು ಬಿಟ್ಟು ಪಕ್ಕದ ಮಣ್ಣಿನಲ್ಲಿ ಬಹುದೂರ ಹೋಗಿ ನಿಂತಿತ್ತು. ಯಾರಿಗೂ ಪೆಟ್ಟಾಗಲಿಲ್ಲ. ಆಯಿಲ್ ಬದಲಿಸಬೇಕಿದ್ದವನು ನಾನೇ ಆದ್ದರಿಂದ ಆ ತಪ್ಪು ನನ್ನದೇ.

ಅಂದು ನಮ್ಮ ಜೊತೆಗಿದ್ದ ಹಿರಿಯ ಮೆಕ್ಯಾನಿಕ್ ಒಬ್ಬರು ಕೇಳಿದ ಮೊದಲ ಪ್ರಶ್ನೆಯನ್ನು ಇಲ್ಲಿ ಬರೆಯಲೇಬೇಕು: "ಪೆಡಲ್ ಗಟ್ಟಿಯಾಗಿತ್ತೋ, ಮೆತ್ತಗಾಗಿತ್ತೋ?" ಪೆಡಲ್ ಗಟ್ಟಿಯಾಗಿಯೇ ಇದ್ದು ಕಾರು ನಿಲ್ಲದಿದ್ದರೆ ಪ್ಯಾಡುಗಳು ಅತಿಯಾಗಿ ಕಾದು ಹಿಡಿತ ಬಿಟ್ಟಿವೆ ಎಂದರ್ಥ, ಪೆಡಲ್ ಮೆತ್ತಗಾಗಿ ಕೆಳಗೆ ಹೋದರೆ ಆ ಪ್ಯಾಡುಗಳನ್ನು ಚಕ್ರದ ಡಿಸ್ಕಿಗೆ ಒತ್ತುವ ಕ್ಯಾಲಿಪರಿನೊಳಗಿನ ಆಯಿಲ್ ಕುದಿದು ಆವಿಯಾಗಿದೆ ಎಂದರ್ಥ. ದ್ರವವನ್ನು ಒತ್ತಿ ಕುಗ್ಗಿಸಲಾಗದು, ಆದ್ದರಿಂದಲೇ ಕಾಲಿನ ಬಲ ಚಕ್ರದವರೆಗೆ ತಲುಪುತ್ತದೆ. ಆವಿ ಕುಗ್ಗುತ್ತದೆ, ಕಾಲಿನ ಬಲವೆಲ್ಲ ಆ ಗುಳ್ಳೆಗಳನ್ನು ಕುಗ್ಗಿಸುವುದರಲ್ಲೇ ಮುಗಿಯುತ್ತದೆ. ಈ ವ್ಯತ್ಯಾಸ ತಿಳಿಯದೆ ಮೊದಲ ಕಾಯಿಲೆಗೆ ಎರಡನೆಯ ಮದ್ದು ಕೊಟ್ಟು ದುಬಾರಿ ಆಯಿಲ್ ಕೊಂಡವರನ್ನೂ, ಎರಡನೆಯದಕ್ಕೆ ಮೊದಲನೆಯ ಮದ್ದು ಕೊಟ್ಟು ದುಬಾರಿ ಪ್ಯಾಡ್ ಕೊಂಡವರನ್ನೂ ನಾನು ನೋಡಿದ್ದೇನೆ.

ಎಷ್ಟು ಶಾಖದ ಮಾತು ಇದು ಎಂಬುದಕ್ಕೆ ಒಂದು ಲೆಕ್ಕ ಕೊಡುತ್ತೇನೆ. ಚಾಲಕನನ್ನೂ ಸೇರಿಸಿ 900 ಕಿಲೋ ತೂಗುವ ಕಾರು ಗಂಟೆಗೆ 150 ಕಿಲೋಮೀಟರ್ ವೇಗದಿಂದ 60ಕ್ಕೆ ಇಳಿಯುವಾಗ ಸುಮಾರು 650 ಕಿಲೋಜೂಲ್ ಶಕ್ತಿಯನ್ನು ಕಳೆದುಕೊಳ್ಳಬೇಕು. ನಲ್ಲಿಯಿಂದ ಹಿಡಿದ ಎರಡು ಲೀಟರ್ ನೀರನ್ನು ಕುದಿಯುವ ಹದಕ್ಕೆ ತರಲು ಹೆಚ್ಚುಕಡಿಮೆ ಅಷ್ಟೇ ಶಕ್ತಿ ಬೇಕು. ಅದರಲ್ಲಿ ಹೆಚ್ಚಿನ ಪಾಲು ಮೂರ್ನಾಲ್ಕು ಸೆಕೆಂಡಿನಲ್ಲಿ ಮುಂದಿನ ಎರಡು ಡಿಸ್ಕುಗಳಿಗೆ ಸೇರುತ್ತದೆ, ಪ್ರತಿ ಸುತ್ತಿನಲ್ಲೂ ಮತ್ತೆ ಮತ್ತೆ ಸೇರುತ್ತದೆ. ಕಳೆದ ಸೀಸನ್ನಿನಲ್ಲಿ ಮುಂದಿನ ಕ್ಯಾಲಿಪರುಗಳಿಗೆ ಶಾಖ ತೋರಿಸುವ ಪಟ್ಟಿಗಳನ್ನು ಅಂಟಿಸಿ ಓಡಿಸಿದೆವು. ಹತ್ತು ಸುತ್ತು ಮುಗಿಸಿ ಬಂದಾಗ 200 ಡಿಗ್ರಿಯ ಆಸುಪಾಸಿನ ಚೌಕಗಳು ಕಪ್ಪಾಗಿದ್ದವು. ಮೇಲಿನ ಅಂಕಿಗಳ ಪಕ್ಕದಲ್ಲಿ ಇದನ್ನಿಟ್ಟು ನೋಡಿದರೆ ವಿಷಯ ಸ್ಪಷ್ಟವಾಗುತ್ತದೆ. ಹೊಚ್ಚಹೊಸ ಸಾಮಾನ್ಯ ಡಾಟ್ 4 ಅಲ್ಲಿ ಹೇಗೋ ತಡೆದುಕೊಂಡೀತು, ಹಳೆಯದು ಖಂಡಿತ ಕುದಿಯುತ್ತದೆ. ಆರ್‌ಬಿಎಫ್ 600 ಹೊಸದಾಗಿದ್ದಾಗ ನೂರು ಡಿಗ್ರಿಗೂ ಹೆಚ್ಚಿನ ಅಂತರ ಉಳಿಸಿಕೊಳ್ಳುತ್ತದೆ, ಚೆನ್ನಾಗಿ ನೀರು ಕುಡಿದ ಮೇಲೆ ಅದೂ ಅಂಚಿಗೆ ಬಂದು ನಿಲ್ಲುತ್ತದೆ. ಹಾಗಾಗಿ ಇದನ್ನು ಒಮ್ಮೆ ಹಾಕಿದರೆ ಎರಡು ವರ್ಷ ಚಿಂತೆಯಿಲ್ಲ ಎಂದು ಭಾವಿಸಿ ಖರೀದಿಸುವವರು ದಯವಿಟ್ಟು ಖರೀದಿಸಬೇಡಿ.

ಬಳಕೆಯಲ್ಲಿ ಇದು ಹೇಗಿತ್ತು ಎಂದರೆ, ಕಳೆದ ಸೀಸನ್ ಪೂರ್ತಿ ಒಮ್ಮೆಯೂ ಪೆಡಲ್ ಮೆತ್ತಗಾಗಲಿಲ್ಲ. ಕೊನೆಯ ಸುತ್ತುಗಳಲ್ಲಿ ಪೆಡಲ್ ಒಂದಿಷ್ಟು ಉದ್ದವಾದದ್ದು, ಅಂದರೆ ಬ್ರೇಕ್ ಹಿಡಿಯುವ ಮುನ್ನ ಹೆಚ್ಚು ಕೆಳಗೆ ಹೋದದ್ದು, ಎರಡು ಬಾರಿ ಅನುಭವಕ್ಕೆ ಬಂತು. ಎರಡು ಸಲವೂ ಕಾರಣ ಆಯಿಲ್ ಆಗಿರಲಿಲ್ಲ, ಹಿಂದಿನ ಡ್ರಮ್‌ಗಳಲ್ಲಿ ಶೂಗಳ ಅಂತರ ಹೆಚ್ಚಾಗಿತ್ತು. ಎಸ್ಟೀಮಿನಂತೆ ಹಿಂದೆ ಡ್ರಮ್ ಇರುವ ಕಾರುಗಳನ್ನು ಓಡಿಸುವವರು ಪೆಡಲ್ ಉದ್ದವಾಯಿತೆಂದರೆ ಮೊದಲು ಅಲ್ಲಿ ನೋಡುವುದು ಒಳ್ಳೆಯದು. ಇದೇ ಕಂಪನಿಯ ಆರ್‌ಬಿಎಫ್ 660 ಎಂಬುದೂ ಸಿಗುತ್ತದೆ, ಬೆಲೆ ಇನ್ನೂ ಹೆಚ್ಚು. ಅದು ಹೊಸದಾಗಿದ್ದಾಗ 325 ಡಿಗ್ರಿ, ನೀರು ಸೇರಿದ ಮೇಲೆ 204 ಡಿಗ್ರಿ. ನಮಗೆ ಮುಖ್ಯವಾದ ಎರಡನೆಯ ಅಂಕಿಯಲ್ಲಿ ಅದರಿಂದ ಏನೂ ಲಾಭವಿಲ್ಲ, ಆದ್ದರಿಂದ ಆ ಹೆಚ್ಚಿನ ಹಣವನ್ನು ಆಯಿಲನ್ನು ಇನ್ನೊಂದು ಬಾರಿ ಬದಲಿಸುವುದಕ್ಕೆ ಬಳಸುವುದೇ ಸರಿ ಎಂದು ನಾವು ತೀರ್ಮಾನಿಸಿದೆವು.

ಬಾಟಲಿಯ ಅಳತೆ ಅರ್ಧ ಲೀಟರ್. ಹಳೆಯದನ್ನು ಪೂರ್ತಿ ಹೊರಹಾಕಿ, ಕೊಳವೆಗಳನ್ನು ಹೊಸದರಿಂದಲೇ ತೊಳೆದು, ನಾಲ್ಕೂ ಚಕ್ರಗಳ ಬ್ರೇಕಿನೊಳಗೆ ಸೇರಿದ ಗಾಳಿ ತೆಗೆಯಲು ನಮ್ಮಂಥ ಚಿಕ್ಕ ಕಾರಿಗೂ ಒಂದು ಬಾಟಲಿ ಸಾಲುವುದಿಲ್ಲ, ಎರಡು ಬೇಕು. ಸಾಮಾನ್ಯ ಡಾಟ್ 4ಕ್ಕೆ ಹೋಲಿಸಿದರೆ ಬೆಲೆ ಹಲವು ಪಟ್ಟು ಹೆಚ್ಚೆಂಬುದನ್ನು ಇದರ ಜೊತೆಗೇ ಲೆಕ್ಕಕ್ಕೆ ತೆಗೆದುಕೊಳ್ಳಬೇಕು. ಚಿಕ್ಕ ಬಾಟಲಿಯಲ್ಲಿ ಮಾರುವುದರ ಅನುಕೂಲವೂ ಇದೆ, ಏಕೆಂದರೆ ಮುಚ್ಚಳ ತೆರೆದ ಗಳಿಗೆಯಿಂದ ಉಳಿದ ಆಯಿಲ್ ತೇವ ಎಳೆಯತೊಡಗುತ್ತದೆ, ಮುಂದಿನ ರೇಸಿಗೆಂದು ಅದನ್ನು ಎತ್ತಿಡುವಂತಿಲ್ಲ. ಕೊಳ್ಳುವಾಗ ಎಚ್ಚರ ತಪ್ಪಬಾರದು. ಬಿಡಿಭಾಗಗಳ ಒಂದು ಅಂಗಡಿಯಲ್ಲಿ ನಮಗೆ ಕೊಟ್ಟ ಬಾಟಲಿಯೊಂದರ ಮುಚ್ಚಳದ ಉಂಗುರ ಮೊದಲೇ ಕಡಿದಿತ್ತು. ಕೇಳಿದರೆ "ಏನೂ ಆಗಲ್ಲ ಸಾರ್, ಫುಲ್ ಇದೆ" ಎಂದರು. ತುಂಬಿರುವುದು ಮುಖ್ಯವಲ್ಲ, ಮುಚ್ಚಿರುವುದು ಮುಖ್ಯ. ಹಿಂದಕ್ಕೆ ಕೊಟ್ಟು, ಬೇರೆ ಕಡೆ ಸೀಲು ಮತ್ತು ತಯಾರಿಕೆಯ ತಿಂಗಳು ನೋಡಿ ಕೊಂಡೆವು.

ಬದಲಿಸುವ ಕೆಲಸವನ್ನು ನಾವು ಮನೆಯಲ್ಲೇ ಮಾಡುತ್ತೇವೆ, ಗ್ಯಾರೇಜಿಗೆ ಕೊಡುವುದಿಲ್ಲ. ಕಾರನ್ನು ಜಾಕ್ ಹಾಕಿ ಎತ್ತಿ, ನಾಲ್ಕು ಸ್ಟ್ಯಾಂಡುಗಳ ಮೇಲೆ ಕೂರಿಸಿ, ಮಾಸ್ಟರ್ ಸಿಲಿಂಡರಿನಿಂದ ಅತಿ ದೂರದ ಚಕ್ರದಿಂದ ಆರಂಭಿಸುವುದು ವಾಡಿಕೆ; ನಿಮ್ಮ ಕಾರಿನ ಕೈಪಿಡಿ ಬೇರೆ ಕ್ರಮ ಹೇಳಿದರೆ ಅದನ್ನೇ ಅನುಸರಿಸಬೇಕು. ತಮ್ಮ ಸೀಟಿನಲ್ಲಿ ಕೂರುತ್ತಾನೆ, ನಾನು ಚಕ್ರದ ಬಳಿ. ಅಲ್ಲಿ ಆಯಿಲನ್ನೂ ಗಾಳಿಯನ್ನೂ ಹೊರಬಿಡುವ ತಿರುಪಾದ ನಿಪ್ಪಲಿಗೆ ಪಾರದರ್ಶಕ ಕೊಳವೆ ಸಿಕ್ಕಿಸಿ, ಅದರ ಇನ್ನೊಂದು ತುದಿಯನ್ನು ಒಂದಿಷ್ಟು ಹೊಸ ಆಯಿಲ್ ಇರುವ ಬಾಟಲಿಯಲ್ಲಿ ಮುಳುಗಿಸಿಟ್ಟು "ಒತ್ತು" ಎನ್ನುತ್ತೇನೆ. "ಒತ್ತಿದೀನಣ್ಣ" ಎಂದ ಮೇಲೆ ರಿಂಗ್ ಸ್ಪ್ಯಾನರಿನಿಂದ ನಿಪ್ಪಲನ್ನು ಕಾಲು ಸುತ್ತು ಬಿಚ್ಚುತ್ತೇನೆ, ಪೆಡಲ್ ಕೆಳಗಿಳಿಯುತ್ತದೆ, ನಿಪ್ಪಲ್ ಬಿಗಿಯಾದ ಮೇಲಷ್ಟೇ "ಬಿಡು". ಈ ಕ್ರಮ ಒಮ್ಮೆ ತಪ್ಪಿದರೂ ಗಾಳಿ ಒಳಗೆ ಹೋಗುತ್ತದೆ. ಹಳೆಯ ಆಯಿಲ್ ಡಿಕಾಕ್ಷನ್ ಬಣ್ಣದಲ್ಲಿ ಇಳಿದು ಬರುತ್ತದೆ. ಅದರ ಹಿಂದೆಯೇ ತಿಳಿ ಹೊಂಬಣ್ಣದ ಹೊಸದು ಬಂದು, ಎರಡೂ ಕೊಳವೆಯೊಳಗೆ ಒಂದು ಗೆರೆ ಎಳೆದಂತೆ ಬೇರೆಯಾಗಿ ಕಾಣುವ ಕ್ಷಣ ನನಗೆ ಇಡೀ ತಯಾರಿಯಲ್ಲಿ ಅತ್ಯಂತ ಸಂತೋಷ ಕೊಡುವ ಕ್ಷಣ. ಮೇಲಿನ ಡಬ್ಬಿಯಲ್ಲಿ ಮಟ್ಟ ಇಳಿಯದಂತೆ ಆಗಾಗ ತುಂಬಿಸುತ್ತಿರಬೇಕು.

ಗ್ಲೈಕಾಲ್ ಪೇಂಟನ್ನು ಕಿತ್ತುಹಾಕುತ್ತದೆ. ಮಡ್‌ಗಾರ್ಡಿನ ಮೇಲೆ ಒಂದು ಹನಿ ಬಿದ್ದರೂ ಕೂಡಲೇ ಧಾರಾಳವಾಗಿ ನೀರು ಸುರಿದು ತೊಳೆಯಬೇಕು. ಅದು ನೀರಿನಲ್ಲಿ ಕರಗುವುದರಿಂದ ಬೇಗ ಹೋಗುತ್ತದೆ, ಒಣಬಟ್ಟೆಯಲ್ಲಿ ಉಜ್ಜಿದರೆ ಹರಡುತ್ತದೆ. ಬ್ರೇಕಿನ ಭಾಗಗಳನ್ನು ಪೆಟ್ರೋಲಿನಲ್ಲಿ ತೊಳೆಯುವ ಅಭ್ಯಾಸ ನಮ್ಮ ಕಡೆ ಬಹಳವಿದೆ, ಅದನ್ನು ಬಿಡಬೇಕು. ಸೀಲುಗಳ ರಬ್ಬರಿಗೆ ಪೆಟ್ರೋಲ್ ಆಗುವುದಿಲ್ಲ. ಹಳೆಯ ಆಯಿಲನ್ನು ಚರಂಡಿಗೆ ಸುರಿಯಬಾರದು.

ಈ ಆಯಿಲ್ ಯಾರಿಗೆ ಬೇಡ ಎಂಬುದನ್ನೂ ಹೇಳಬೇಕು. ದಿನವೂ ಕಚೇರಿಗೆ ಹೋಗಿಬರುವ ಕಾರಿಗೆ ಇದರ ಅಗತ್ಯವಿಲ್ಲ. ಅಲ್ಲಿ ಒಳ್ಳೆಯ ಡಾಟ್ 4 ಆಯಿಲನ್ನು ಕೈಪಿಡಿ ಹೇಳಿದ ಅವಧಿಗೆ ತಪ್ಪದೆ ಬದಲಿಸಿದರೆ ಸಾಕು. ಒಂದೆರಡು ನಿಮಿಷದಲ್ಲಿ ಮುಗಿಯುವ ಆಟೋಕ್ರಾಸಿನ ಮಣ್ಣಿನ ಓಟಕ್ಕೂ ಹೊಸ ಡಾಟ್ 4 ನಡೆಯುತ್ತದೆ ಎಂಬುದು ನನ್ನ ಎಣಿಕೆ. ಸುತ್ತಿನ ಮೇಲೆ ಸುತ್ತು ಹೊಡೆಯುವ ಟ್ರ್ಯಾಕಿಗೆ ಹೋಗುವವರಿಗೆ ಮಾತ್ರ ಇದನ್ನು ಸಂಕೋಚವಿಲ್ಲದೆ ಶಿಫಾರಸು ಮಾಡುತ್ತೇನೆ. ಅವರೂ ಆಯಿಲಿನಿಂದಲೇ ಎಲ್ಲವೂ ಸರಿಹೋಗುತ್ತದೆ ಎಂದು ಎಣಿಸಬಾರದು. ಮುಂದಿನ ಬಂಪರಿನಿಂದ ಡಿಸ್ಕಿನ ನಡುಭಾಗಕ್ಕೆ ಗಾಳಿ ತರುವ ಕೊಳವೆ ಹಾಕುವುದು, ಬಿರುಕುಬಿಟ್ಟ ರಬ್ಬರ್ ಮೆದುಗೊಳವೆಗಳನ್ನು ಬದಲಿಸುವುದು, ಕೊನೆಯ ಒಂದು ಸುತ್ತನ್ನು ಬ್ರೇಕ್ ಮುಟ್ಟದೆ ನಿಧಾನವಾಗಿ ಓಡಿಸುವುದು ಇವೆಲ್ಲ ಇದರ ಜೊತೆಗೇ ಆಗಬೇಕು. ಬಿಸಿ ಕಾರನ್ನು ನೇರವಾಗಿ ತಂದು ನಿಲ್ಲಿಸಿದರೆ ಗಾಳಿಯಿಲ್ಲದೆ ಡಿಸ್ಕಿನ ಶಾಖವೆಲ್ಲ ಕ್ಯಾಲಿಪರಿಗೆ ಹತ್ತಿ, ಓಡುವಾಗ ಕುದಿಯದ ಆಯಿಲ್ ನಿಂತಾಗ ಕುದಿಯುವುದುಂಟು.

ಈ ವರ್ಷ ನಾವು ಇನ್ನೊಂದು ಅಭ್ಯಾಸ ಮಾಡಿಕೊಂಡಿದ್ದೇವೆ. ಮಾಸ್ಟರ್ ಸಿಲಿಂಡರಿನ ಪಕ್ಕದಲ್ಲಿ ಬಿಳಿ ಟೇಪಿನ ತುಂಡೊಂದನ್ನು ಅಂಟಿಸಿ, ಆಯಿಲ್ ಬದಲಿಸಿದ ದಿನಾಂಕವನ್ನೂ ಆಮೇಲೆ ಓಡಿದ ಸುತ್ತುಗಳನ್ನೂ ಮಾರ್ಕರಿನಲ್ಲಿ ಬರೆಯುತ್ತಿದ್ದೇವೆ. ಮೊನ್ನೆ ಭಾನುವಾರ ಅಲ್ಲಿ ಹೊಸ ದಿನಾಂಕ ಬಿತ್ತು. ಸುತ್ತುಗಳ ಜಾಗ ಇನ್ನೂ ಖಾಲಿಯಿದೆ; ಕಾರನ್ನು ಟ್ರಕ್ಕಿಗೆ ಹತ್ತಿಸುವ ಮುನ್ನ ಪೆಡಲನ್ನು ಅರ್ಧ ನಿಮಿಷ ಬಲವಾಗಿ ಒತ್ತಿ ಹಿಡಿದು, ನಾಲ್ಕೂ ನಿಪ್ಪಲುಗಳ ಸುತ್ತ ಬೆರಳಾಡಿಸಿ ಪಸೆಯಿಲ್ಲವೆಂದು ನೋಡುವುದೊಂದೇ ಬಾಕಿ.